ಪಕ್ಕದ ಸೀಟಿನಲ್ಲಿ ಆರು ದಿನ

ಮೂವತ್ತೊಂದು ವರ್ಷ ಲಾರಿ ಓಡಿಸಿದವನನ್ನು ಪಕ್ಕದ ಸೀಟಿನಲ್ಲಿ ಕೂರಿಸಿದರೆ ಏನಾಗುತ್ತದೆ ಎನ್ನುವುದು ಮೊದಲ ದಿನ ಹೊರಟ ಒಂದು ಗಂಟೆಯೊಳಗೇ ಗೊತ್ತಾಗಿಹೋಯಿತು. ಮುಂದಿನ ಬಸ್ಸು ನಿಧಾನ ಮಾಡಿದಾಗಲೆಲ್ಲ ಅವನ ಬಲಗಾಲು ತಾನೇ ತಾನಾಗಿ ಕೆಳಗಿನ ರಬ್ಬರು ಹಾಸನ್ನು ಒತ್ತುತ್ತಿತ್ತು.

"ಒತ್ತಿ ಒತ್ತಿ ತೂತು ಮಾಡ್ಬೇಡಿ. ಆಮೇಲೆ ಕಾಲು ಹೊರಗೆ ಬಿಟ್ಕೊಂಡು ಓಡ್ಬೇಕಾಗತ್ತೆ," ಎಂದಳು ಹೆಂಡತಿ, ಕಣ್ಣನ್ನು ರಸ್ತೆಯಿಂದ ಕದಲಿಸದೆ.

ಲಾರಿಯವರ ನಡುವೆ ಅವನ ಹೆಸರು ಮೈಲಿಗಲ್ಲು. ಯಾವ ಊರಿನಿಂದ ಯಾವ ಊರಿಗೆ ಎಷ್ಟು ದೂರ, ನಡುವೆ ಎಲ್ಲಿ ನೀರು ಸಿಗುತ್ತದೆ, ಯಾವ ಇಳಿಜಾರಿನಲ್ಲಿ ಎರಡನೇ ಗೇರು ಬಿಡಬಾರದು, ಎಲ್ಲ ಅವನಿಗೆ ಬಾಯಿಪಾಠ. ನಕ್ಷೆ ಬಿಚ್ಚಿದವರನ್ನು ಕಂಡರೆ ನಗುತ್ತಿದ್ದ. ಐವತ್ತೆಂಟನೇ ವಯಸ್ಸಿಗೆ ಕಣ್ಣಿನ ನರ ಒಣಗತೊಡಗಿತು. ಕಂಪನಿಯವರು ಲಾರಿಯ ಕೀಲಿಯನ್ನು ವಾಪಸು ಇಸಕೊಂಡು, ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಹೆಂಡತಿ ಶಾಲೆಯ ಸಮವಸ್ತ್ರ ಹೊಲಿಯುವ ದರ್ಜಿ. ಸೈಕಲ್ಲನ್ನೂ ಮುಟ್ಟದಿದ್ದವಳು ಐವತ್ತನಾಲ್ಕಕ್ಕೆ ಕಾರು ಕಲಿತಳು. "ಹೊಲಿಗೆ ಮೆಷಿನ್ನಿಗೂ ಪೆಡಲ್ಲೇ, ಇದಕ್ಕೂ ಪೆಡಲ್ಲೇ," ಎಂದು ಕಲಿಸುವವನಿಗೆ ಧೈರ್ಯ ಹೇಳಿದ್ದಳಂತೆ.

ಡಾಕ್ಟರು ಅವನಿಗೆ ಹೇಳಿದ್ದು ಎರಡೂ ಕಣ್ಣು ಹೋಗುತ್ತಿವೆ ಎಂದು. ಅವನು ಮನೆಗೆ ಬಂದು ಹೇಳಿದ್ದು ಒಂದರ ವಿಷಯ ಮಾತ್ರ. ಇನ್ನೊಂದರದ್ದು ಆಮೇಲೆ ಹೇಳಿದರಾಯಿತು ಎಂದುಕೊಂಡ. ಆ ಆಮೇಲೆ ಬರಲೇ ಇಲ್ಲ. ಎರಡು ವರ್ಷವಾಯಿತು. ಬಸ್ಸು, ಮರ, ಮನೆ, ಇಂಥ ದೊಡ್ಡ ಆಕಾರಗಳು ಮಸುಕಾಗಿ ಕಾಣುತ್ತಿದ್ದವು. ಅಕ್ಷರಗಳು ಮಾತ್ರ ಅವನ ಪಾಲಿಗೆ ಮುಗಿದುಹೋಗಿದ್ದವು. ಬೆಳಿಗ್ಗೆ ಪೇಪರು ಬಿಡಿಸಿಕೊಂಡು ಕೂರುತ್ತಿದ್ದ, ಹತ್ತು ನಿಮಿಷಕ್ಕೊಮ್ಮೆ ಹಾಳೆ ತಿರುವುತ್ತಿದ್ದ, ಅಷ್ಟೆ.

ಪ್ರಯಾಣಕ್ಕೆ ಕಾರಣ ಹೆಂಡತಿಯ ಅಕ್ಕ. ದೇಶದ ಆ ತುದಿಯಲ್ಲಿ, ಸಮುದ್ರದ ದಡದ ಊರಿನಲ್ಲಿ, ಆಕೆಯದೂ ಹೊಲಿಗೆ ಅಂಗಡಿ. ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳು. "ಬಂದು ನನ್ನ ಅಂಗಡಿ ನೋಡ್ಕೋ, ಇಲ್ಲಾಂದ್ರೆ ಬೀಗ ಹಾಕ್ತೀನಿ. ಮೇಲಿನ ಎರಡು ಕೋಣೆ ಖಾಲಿ ಇವೆ," ಎಂದು ಫೋನು ಮಾಡಿದಳು. ಇಲ್ಲಿ ಇವರಿಗೆ ಬಾಡಿಗೆ ಮನೆ, ಹಿಂದೆ ಮುಂದೆ ಯಾರೂ ಇಲ್ಲ. ಹೊರಡುವುದೆಂದಾಯಿತು. ತೊಡಕಾದದ್ದು ನಾಯಿ.

ನಾಯಿಯ ಹೆಸರು ಮಾವ. ಮರಿಯಾಗಿದ್ದಾಗಲೇ ಅದು ಕುರ್ಚಿ ಹತ್ತಿ, ಅಳಿಯನ ಮನೆಗೆ ಬಂದ ಮಾವನ ಹಾಗೆ ಗಂಭೀರವಾಗಿ ಕೂತು, ಬಡಿಸಿದ್ದನ್ನೆಲ್ಲ ಒಮ್ಮೆ ಮೂಸಿ ಮುಖ ತಿರುಗಿಸುತ್ತಿತ್ತು. ಈಗ ಅದಕ್ಕೆ ಹದಿಮೂರು ವರ್ಷ. ಹಿಂಗಾಲುಗಳಲ್ಲಿ ಬಲವಿಲ್ಲ. ಹೊಟ್ಟೆಯ ಕೆಳಗೆ ಟವೆಲ್ ಹಾಕಿ ಎತ್ತಿ ಹಿಡಿದರೆ ಮಾತ್ರ ನಾಲ್ಕು ಹೆಜ್ಜೆ ನಡೆಯುತ್ತಿತ್ತು. ಪೆಟ್ಟಿಗೆಯಲ್ಲಿ ಹಾಕಿ ರೈಲಿನಲ್ಲಿ ಒಯ್ದರೆ ಅದರ ಜೀವ ತಡೆಯುವುದಿಲ್ಲ ಎಂದರು ಪಶುವೈದ್ಯರು. ಪಕ್ಕದ ಮನೆಯವರಿಗೆ ಕೊಟ್ಟುಬಿಡೋಣ ಎಂದು ಅವನು ಒಮ್ಮೆ ಬಾಯಿಬಿಟ್ಟ. ಹೆಂಡತಿ ಎರಡು ದಿನ ಮಾತು ಬಿಟ್ಟಳು. ಮೂರನೇ ದಿನ, "ಕಾರಲ್ಲಿ ಹೋಗೋದು. ನಾನು ಓಡಿಸ್ತೀನಿ, ನೀವು ದಾರಿ ಹೇಳಿ," ಎಂದಳು. ದಾರಿ ಹೇಳುವುದೆಂದರೆ ಅವನಿಗೆ ನೀರು ಕುಡಿದಷ್ಟು ಸಲೀಸು. ಒಪ್ಪಿಕೊಂಡ.

ಹೊಲಿಗೆ ಮೆಷಿನ್ನಿನ ತಲೆಯನ್ನು ಕಂಬಳಿಯಲ್ಲಿ ಸುತ್ತಿ ಹಿಂದಿನ ಸೀಟಿನ ಒಂದು ಬದಿಗಿಟ್ಟರು. ಇನ್ನೊಂದು ಬದಿಗೆ ಹಳೇ ಕೌದಿ ಹಾಸಿ ಮಾವನನ್ನು ಮಲಗಿಸಿದರು. ಕಾರಿನ ಏಸಿ ಎಂದೋ ಕೈಕೊಟ್ಟಿತ್ತು. ಕಿಟಕಿ ಇಳಿಸಿದರೆ ಧೂಳು, ಏರಿಸಿದರೆ ಬೇಗೆ. ಎರಡು ಗಂಟೆಗೊಮ್ಮೆ ನಿಲ್ಲಿಸುವುದು, ಅವನು ಟವೆಲ್ ಹಿಡಿದು ನಾಯಿಯನ್ನು ಇಳಿಸುವುದು, ಅದು ಜಾಗ ಮೂಸಿ ಮೂಸಿ ಮನಸ್ಸು ಮಾಡುವತನಕ ಸೊಂಟ ಬಗ್ಗಿಸಿ ನಿಲ್ಲುವುದು, ಮತ್ತೆ ಹತ್ತಿಸುವುದು. ಹೆಂಡತಿ ಅಷ್ಟರಲ್ಲಿ ಸ್ಟಿಯರಿಂಗಿನ ಮೇಲೆ ಹಣೆಯಿಟ್ಟು ಕಣ್ಣು ಮುಚ್ಚುತ್ತಿದ್ದಳು. ಸಂಜೆ ಐದಾದರೆ ಸಾಕು, ಸಿಕ್ಕಿದ ವಸತಿಗೃಹಕ್ಕೆ ಕಾರು ತಿರುಗಿಸುತ್ತಿದ್ದಳು. ಕತ್ತಲಲ್ಲಿ ಓಡಿಸಲಾರೆ ಎಂದು ಮೊದಲೇ ಹೇಳಿದ್ದಳು.

ಎರಡನೇ ದಿನದ ವಸತಿಗೃಹಕ್ಕೆ ಅವಳೇ ಮುಂಚೆ ಫೋನು ಮಾಡಿದ್ದಳು: ನಾವಿಬ್ಬರು, ಜೊತೆಗೆ ಮಾವ, ವಯಸ್ಸಾಗಿದೆ, ಮೆಟ್ಟಿಲು ಹತ್ತಲಾಗುವುದಿಲ್ಲ, ಕೆಳಗಿನ ಕೋಣೆಯೇ ಬೇಕು. ಹೋಗಿ ನೋಡಿದರೆ ಮ್ಯಾನೇಜರು ಗಾಲಿಕುರ್ಚಿ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದ. ಕಾರಿನ ಹಿಂಬಾಗಿಲು ತೆರೆದವನು ಒಂದು ಹೆಜ್ಜೆ ಹಿಂದೆ ಸರಿದ.

"ಅಮ್ಮಾ, ಇದು ನಾಯಿ!"

"ನಾಯಿ ಅಲ್ಲ ಅಂತ ನಾನೆಲ್ಲಿ ಹೇಳ್ದೆ? ಮಾವ ಅಂದೆ. ಅದರ ಹೆಸರೇ ಅದು."

ಅವಳ ದನಿಯಲ್ಲಿ ತಮಾಷೆ ಮಾಡುವಷ್ಟೂ ತ್ರಾಣವಿರಲಿಲ್ಲ. ಬಹುಶಃ ಅದನ್ನು ಗಮನಿಸಿಯೇ ಇರಬೇಕು, ಮ್ಯಾನೇಜರು ಸುಮ್ಮನೆ ಬೀಗದ ಕೈ ಕೊಟ್ಟ. ಗಾಲಿಕುರ್ಚಿ ವ್ಯರ್ಥವಾಗಲಿಲ್ಲ. ಮಾವ ಅದರಲ್ಲೇ ಕೂತು ಕೋಣೆಗೆ ಹೋಯಿತು.

ಮೂರನೇ ದಿನ ಬೆಳಗಿನಿಂದಲೇ ಬಿಸಿಲು ಎದುರಿಗೆ. ಅವತ್ತಿನದು ಏಳೆಂಟು ವರ್ಷದ ಹಿಂದಿನ ತನಕ ಅವನು ನೂರಾರು ಸಲ ಲಾರಿ ಓಡಿಸಿದ ದಾರಿ. "ಇನ್ನೆರಡು ಮೈಲಿಗೆ ಇಟ್ಟಿಗೆ ಗೂಡು. ಅದು ದಾಟಿದ ಮೇಲೆ ಬಲಕ್ಕೆ ತಿರುಗಿಸು. ನದಿ ದಾಟಿಬಿಟ್ರೆ ಅರ್ಧ ದಿನ ಉಳಿಯತ್ತೆ," ಎಂದ. ಇಟ್ಟಿಗೆ ಗೂಡು ಬರಲಿಲ್ಲ. ಬಂದದ್ದು ಒಂದು ಕವಲು, ಅಲ್ಲೊಂದು ಎತ್ತರದ ಬೋರ್ಡು. ಹೆಂಡತಿ ಅಂಗೈಯನ್ನು ಹುಬ್ಬಿಗೆ ಅಡ್ಡ ಹಿಡಿದಳು.

"ಬಿಸಿಲು ಕಣ್ಣಿಗೇ ಹೊಡೀತಿದೆ. ಬೋರ್ಡಲ್ಲಿ ಏನಿದೆ ನೋಡ್ರಿ."

ಅವನಿಗೆ ಕಂಡದ್ದು ಒಂದು ಬಿಳಿಯ ಚೌಕ. ಅದರೊಳಗೆ ಏನೋ ಕೆಂಪಗೆ.

"ಅದೇ, ನದಿ ದಾರಿ ಅಂತಿದೆ. ತಿರುಗಿಸು."

ತಿರುಗಿಸಿದಳು. ರಸ್ತೆಯೆಂದರೆ ಹೆಸರಿಗೆ ರಸ್ತೆ. ಗುಂಡಿ ತಪ್ಪಿಸಲು ಹೋಗಿ ಗುಂಡಿಗೇ ಇಳಿಯುತ್ತ, ಒಂದನೇ ಗೇರು ಬಿಟ್ಟರೆ ಎರಡನೇ ಗೇರು, ಎರಡೂವರೆ ಗಂಟೆ ಹೋದರು. ಹಿಂದಿನ ಸೀಟಿನಲ್ಲಿ ಮೆಷಿನ್ನು ಒಂದೊಂದು ಗುಂಡಿಗೂ ಧಡ್ ಎನ್ನುತ್ತಿತ್ತು. ಎದುರಿಗೆ ಒಂದು ಗಾಡಿಯೂ ಬರಲಿಲ್ಲ. ಅವನಿಗೆ ಆಗಲೇ ಅನುಮಾನ ಬಂದಿತ್ತು. ಆದರೂ ಉಸಿರೆತ್ತಲಿಲ್ಲ. ಕೊನೆಗೆ ಹೆಂಡತಿ ಬ್ರೇಕು ಹಾಕಿ ಎಂಜಿನ್ನು ನಿಲ್ಲಿಸಿದಳು.

ಮುಂದೆ ಆಳೆತ್ತರದ ಸಿಮೆಂಟು ಗೋಡೆ. ಅದರಾಚೆ ಸೇತುವೆ ಅರ್ಧಕ್ಕೆ ನಿಂತಿತ್ತು. ನಡುವಿನ ಎರಡು ಕಮಾನು ಇರಲೇ ಇಲ್ಲ.

ಗೋಡೆಯ ನೆರಳಿನಲ್ಲಿ ಮೀನುಗಾರನೊಬ್ಬ ಬಲೆ ಹರವಿಕೊಂಡು ಕೂತಿದ್ದ. "ಇದು ಬಿದ್ದು ಆರು ವರ್ಷ ಆಯ್ತು. ಕವಲಲ್ಲಿ ಅಷ್ಟು ದೊಡ್ಡ ಬೋರ್ಡ್ ಹಾಕಿದ್ದಾರಲ್ಲ, ಸೇತುವೆ ಇಲ್ಲ, ದಾರಿ ಇಲ್ಲ ಅಂತ. ನೋಡ್ಲಿಲ್ವಾ?" ಎಂದು ಕೇಳಿ, ಬಲೆಯನ್ನು ಹೆಗಲಿಗೆ ಹಾಕಿಕೊಂಡು ದಡಕ್ಕೆ ಇಳಿದು ಹೋದ.

ಹೆಂಡತಿ ಅವನ ಕಡೆ ತಿರುಗಿದಳು. ಧೂಳಿತ್ತು ಎನ್ನಬಹುದಿತ್ತು, ಬಿಸಿಲು ಎನ್ನಬಹುದಿತ್ತು. ಎರಡು ವರ್ಷದಿಂದ ಅಂಥ ನೆಪಗಳು ಅವನ ನಾಲಿಗೆಯ ತುದಿಯಲ್ಲೇ ಇರುತ್ತಿದ್ದವು. ಅವತ್ತು ಒಂದೂ ಬರಲಿಲ್ಲ.

"ಬೋರ್ಡ್ ಕಾಣಿಸ್ತು. ಓದಕ್ಕಾಗ್ಲಿಲ್ಲ."

"ಯಾಕೆ?"

"ಅಕ್ಷರ ಕಾಣ್ಸಲ್ಲ. ಎರಡೂ ಕಣ್ಣಲ್ಲಿ. ಎರಡು ವರ್ಷದಿಂದ."

ಅವಳು ಕಿರುಚಬಹುದೆಂದು ಕಾದ. ಕಿರುಚಲಿಲ್ಲ. ಕಾರಿನಿಂದ ಇಳಿದು ಬಾನೆಟ್ಟಿಗೆ ಒರಗಲು ಹೋಗಿ, ಅದು ಕಾದಿದ್ದರಿಂದ ಕೈ ಕಿತ್ತುಕೊಂಡಳು. ಆಮೇಲೆ ರಸ್ತೆಯ ಮೇಲೇ ಕಾಲು ಚಾಚಿ ಕೂತುಬಿಟ್ಟಳು.

"ಅಂದ್ರೆ ಮೂರು ದಿನದಿಂದ ನಾನೊಬ್ಳೇ ಓಡಿಸ್ತಿದ್ದೆ. ನನಗೆ ಗೊತ್ತಿರ್ಲಿಲ್ಲ, ಅಷ್ಟೆ. ಓವರ್‌ಟೇಕ್ ಮಾಡ್ವಾಗೆಲ್ಲ ಹೂಂ ಹೋಗು ಅಂತಿದ್ರಲ್ಲ, ಏನು ನೋಡಿ ಅಂತಿದ್ರಿ?"

"ಸದ್ದು ಕೇಳಿ."

"ಸದ್ದು ಕೇಳಿ!" ಎಂದಳು ಅವಳು. "ಕಾರಲ್ಲಿ ಮೂರು ಕಣ್ಣಾದ್ರೂ ಇವೆ ಅಂತ ಧೈರ್ಯ ಮಾಡ್ಕೊಂಡು ಬಂದೆ ಕಣ್ರೀ ನಾನು. ಕಲಿತು ಇನ್ನೂ ಒಂದೂವರೆ ವರ್ಷ ಆಗಿಲ್ಲ ನನಗೆ."

ಅವನೂ ಇಳಿದು ಬಂದು ಪಕ್ಕದಲ್ಲಿ ನಿಂತೇ ಇದ್ದ. ಅವಳು ಎದ್ದು, ಮಾವನನ್ನು ಇಳಿಸಿಕೊಳ್ಳುವಂತೆ ಕೈಸನ್ನೆ ಮಾಡಿ, ಹಿಂದಿನ ಸೀಟಿನಲ್ಲಿ ಅದೇ ಕೌದಿಯ ಮೇಲೆ ಮುದುಡಿ ಮಲಗಿದಳು. ಐದು ನಿಮಿಷಕ್ಕೆ ಗೊರಕೆ ಕೇಳಿಸಿತು. ಅಷ್ಟು ದಣಿದಿದ್ದಳು.

ಅವನು ನಾಯಿಯನ್ನು ಗೋಡೆಯ ನೆರಳಿಗೆ ಒಯ್ದು ಮಲಗಿಸಿ, ತಾನೂ ಒರಗಿ ಕೂತ. ಬೆನ್ನು ಹಲಗೆಯ ಹಾಗೆ ಸೆಟೆದಿತ್ತು. ಯಾವಾಗ ಕಣ್ಣು ಹತ್ತಿತೋ ತಿಳಿಯದು. ಎಚ್ಚರವಾಗಿ ಪಕ್ಕ ತಡವಿದರೆ ಟವೆಲ್ ಮಾತ್ರ ಕೈಗೆ ಸಿಕ್ಕಿತು. ನಾಲ್ಕು ಹೆಜ್ಜೆ ನಡೆಯದ ನಾಯಿ ಎಲ್ಲಿಗೆ ಹೋದೀತು? ಕೆಳಗೆ ಇಳಿಜಾರು, ಅದರ ಕೆಳಗೆ ನೀರು. ಎತ್ತ ನೋಡಿದರೂ ಮಸುಕು ಮಸುಕು ಕಂದು ಬಣ್ಣ. ಕಲ್ಲೂ ಅದೇ, ಮಣ್ಣೂ ಅದೇ, ನಾಯಿಯೂ ಅದೇ.

"ಮಾವಾ!" ಎಂದು ಕೂಗಿದ. ಇಳಿಜಾರಿನಲ್ಲಿ ಕುಳಿತುಕೊಂಡೇ ಜಾರುತ್ತ, "ಮಾವಾ! ಎಲ್ಲಿದ್ದೀಯೋ? ನೀರಿಗೆ ಇಳೀಬೇಡ್ವೋ ಮಾವಾ!"

ಮೀನುಗಾರ ಅದನ್ನು ಕೇಳಿಸಿಕೊಂಡ. ಬಲೆ ಅಲ್ಲೇ ಬಿಟ್ಟು ಓಡಿ ಬಂದ. "ಯಾವಾಗ ಇಳಿದ್ರು? ಈಜು ಬರತ್ತಾ ಅವರಿಗೆ?"

"ವಯಸ್ಸಾಗಿದೆ. ಕಾಲಲ್ಲಿ ಶಕ್ತಿ ಇಲ್ಲ."

"ಅಯ್ಯೋ ಶಿವನೇ," ಎಂದವನೇ ಮೀನುಗಾರ ಅಂಗಿ ಕಿತ್ತೆಸೆದು ನೀರಿಗೆ ಹಾರಿದ. ಮುಳುಗಿ ಎದ್ದ, ಮತ್ತೆ ಮುಳುಗಿದ. ಮೂರನೇ ಸಲ ಎದ್ದವನು, "ಯಾವ ಬಣ್ಣದ ಬಟ್ಟೆ ಹಾಕಿದ್ರು?" ಎಂದು ಕೂಗಿ ಕೇಳಿದ.

"ಬಟ್ಟೆ ಎಲ್ಲಿಂದ ಬರತ್ತಪ್ಪಾ? ನಾಯಿ ಅದು!"

ನೀರಿನ ಕಡೆಯಿಂದ ಮೀನುಗಾರನ ಬೈಗುಳ ಶುರುವಾಯಿತು, ಒಂದಕ್ಕಿಂತ ಒಂದು ಖಾರ. ಬೈಯುತ್ತಲೇ ದಡದ ಗುಂಟ ನಡೆದು, ಇಳಿಜಾರಿನಲ್ಲಿ ತೆವಳಿ ಜಾರಿಬಂದಿದ್ದ ಮಾವ ಮುರಿದು ಬಿದ್ದ ಕಂಬದ ಹಿಂದೆ ನಿಂತಿದ್ದನ್ನು ಕಂಡ. ಹೊಟ್ಟೆ ಮುಟ್ಟುವ ನೀರಿನಲ್ಲಿ, ಹಿಂಗಾಲಿನ ಭಾರವನ್ನು ನೀರಿಗೇ ಒಪ್ಪಿಸಿ, ಯಾರ ಹಂಗೂ ಇಲ್ಲದ ಹಾಗೆ ಅದು ನದಿ ನೋಡುತ್ತಿತ್ತು. ಮೀನುಗಾರ ಅದನ್ನು ಹೆಗಲ ಮೇಲೆ ಹೊತ್ತು ತಂದು ಅವನ ಮಡಿಲಿಗೆ ಹಾಕಿದ.

"ತಗೊಳ್ಳಿ ನಿಮ್ಮ ಮಾವನ್ನ. ನಾನು ಹೆಣ ಹುಡುಕ್ತಿದ್ದೆ ಮಾರಾಯ್ರೆ!"

ಕೂಗಾಟಕ್ಕೆ ಎದ್ದು ಬಂದಿದ್ದ ಹೆಂಡತಿ ಮೇಲೆ ಗೋಡೆಯ ಬಳಿ ನಿಂತಿದ್ದಳು. ಮೊದಲು ಬಾಯಿಗೆ ಸೆರಗು ಒತ್ತಿಕೊಂಡಳು. ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು, ಗೋಡೆ ಹಿಡಿದುಕೊಂಡು ನಕ್ಕಳು. ಕಣ್ಣಲ್ಲಿ ನೀರು ಬರುವ ತನಕ ನಕ್ಕು, ಆಮೇಲೆ ಆ ನೀರು ನಿಲ್ಲದೆ ಸುರಿಯತೊಡಗಿದಾಗ ಕೂತುಕೊಂಡಳು. ಒದ್ದೆ ನಾಯಿಯನ್ನು ಅಪ್ಪಿಕೊಂಡೇ ಅವನು ಮೇಲೆ ಹತ್ತಿ ಬಂದು ಪಕ್ಕದಲ್ಲಿ ಕೂತ. ಅವಳು ಮುಖ ಒರೆಸಿಕೊಂಡು ಹೇಳಿದಳು:

"ಇನ್ಮೇಲೆ ಕಾಣ್ಸದೇ ಇದ್ರೆ ಕಾಣ್ಸಲ್ಲ ಅನ್ನಿ. ಅಷ್ಟು ಸಾಕು ನನಗೆ."

"ಆಯ್ತು."

"ನಾನು ಸುಸ್ತಾಯ್ತು ಅಂದ್ರೆ, ಇನ್ನು ಸ್ವಲ್ಪ ದೂರ ಅನ್ಬೇಡಿ."

"ಆಯ್ತು."

ಬಂದ ಗುಂಡಿಗಳನ್ನೇ ಮತ್ತೆ ಎಣಿಸಿಕೊಂಡು ವಾಪಸು ಹೋದರು. ಐದು ದಿನದ ದಾರಿ ಆರಾಯಿತು. ಉಳಿದ ದಿನಗಳು ಹಗುರಾದವೆಂದು ಹೇಳಿದರೆ ಸುಳ್ಳಾದೀತು. ನಾಲ್ಕನೇ ದಿನ ಅವಳ ಎಡಗೈ ಮಣಿಕಟ್ಟು ಊದಿಕೊಂಡಿತು. ಅವನು ಅದಕ್ಕೆ ಒದ್ದೆ ಬಟ್ಟೆ ಕಟ್ಟಿ, ಗೇರು ಬದಲಿಸುವಾಗ ತನ್ನ ಕೈಯನ್ನೂ ಅವಳ ಕೈಯ ಮೇಲಿಟ್ಟು ಒತ್ತುತ್ತಿದ್ದ. ಅವಳು ಕ್ಲಚ್ಚು ಒತ್ತಿ "ಹೂಂ" ಎಂದಾಗ ಗೇರು ಹಾಕುವುದು ಅವನ ಕೆಲಸವಾಯಿತು. ಬೋರ್ಡುಗಳನ್ನು ಅವಳೇ ಗಟ್ಟಿಯಾಗಿ ಓದುತ್ತಿದ್ದಳು. ಅವನು ಆ ಊರಿನಲ್ಲಿ ಹಿಂದೆ ಏನಿತ್ತು ಎಂದು ಹೇಳುತ್ತಿದ್ದ, ಈಗ ಅದಿಲ್ಲ ಎಂದು ಅವಳು ಹೇಳುತ್ತಿದ್ದಳು.

ಆರನೇ ದಿನ ಮಧ್ಯಾಹ್ನ ಅಕ್ಕ ನಾಲ್ಕು ಕಾಲಿನ ಊರುಗೋಲು ಹಿಡಿದು ಅಂಗಡಿಯ ಬಾಗಿಲಿಗೆ ಬಂದಳು. "ಮುರಿದಿರೋದು ನನ್ನ ಸೊಂಟ. ನೋಡಕ್ಕೆ ನೀವೇ ಆಸ್ಪತ್ರೆಯಿಂದ ಬಂದ ಹಾಗಿದ್ದೀರಲ್ಲೇ!" ಎಂದಳು. ತಂಗಿ ಚಪ್ಪಲಿ ಬಿಚ್ಚದೆ ಒಳಗೆ ಹೋಗಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಮಲಗಿದಳು. ಮರುದಿನ ಬೆಳಿಗ್ಗೆಯ ತನಕ ಯಾರೂ ಅವಳನ್ನು ಎಬ್ಬಿಸಲಿಲ್ಲ.

ಆ ಊರಿನ ಕಣ್ಣಿನ ಡಾಕ್ಟರು, ಹೋದ ದೃಷ್ಟಿ ಮತ್ತೆ ಬರುವುದಿಲ್ಲ, ಉಳಿದದ್ದನ್ನು ಉಳಿಸಬಹುದು ಎಂದರು. ಈ ಸಲ ಹೆಂಡತಿ ಪಕ್ಕದಲ್ಲೇ ಕೂತು ಕೇಳಿಸಿಕೊಂಡಳು. ದಿನಕ್ಕೆ ಎರಡು ಸಲ ಅವನ ಕಣ್ಣಿಗೆ ಹನಿ ಹಾಕುವುದು ಅವಳ ಕೆಲಸ. ಮಾವ ಇನ್ನೂ ಏಳು ತಿಂಗಳು ಬದುಕಿತು. ಬಿಸಿಲು ಇಳಿದ ಮೇಲೆ ಅವನು ಅದನ್ನು ಸಮುದ್ರದ ದಡಕ್ಕೆ ಎತ್ತಿಕೊಂಡು ಹೋಗಿ ನೀರಿನಲ್ಲಿ ನಿಲ್ಲಿಸುತ್ತಿದ್ದ. ಒಂದು ಮಧ್ಯಾಹ್ನ ಅದು ಅಂಗಡಿಯ ಹೊಸ್ತಿಲ ಮೇಲೆ ನಿದ್ದೆಯಲ್ಲೇ ಹೋಯಿತು.

ಅಂಗಡಿಯಲ್ಲಿ ಅವನಿಗೆ ಗುಂಡಿ ಹಚ್ಚುವ ಕೆಲಸ ಸಿಕ್ಕಿತು. ಬೆರಳಿನಲ್ಲಿ ಸವರಿದರೆ ಯಾವ ಅಂಗಿಗೆ ಯಾವ ಗುಂಡಿ ಎಂದು ತಿಳಿಯುತ್ತದೆ. ಸೂಜಿಗೆ ದಾರ ಪೋಣಿಸಿ ಕೊಡುವವಳು ಅಕ್ಕ. ಆಕೆಯ ಪರೀಕ್ಷೆಯಲ್ಲಿ ಅವನು ಇನ್ನೂ ಪೂರ್ತಿ ಪಾಸಾಗಿಲ್ಲ. ಹೆಂಡತಿಯ ಮಣಿಕಟ್ಟು ನೋಯುವ ದಿನ ನಾಲ್ಕು ಗಂಟೆಗೇ ಬಾಗಿಲು ಎಳೆದುಬಿಡುತ್ತಾರೆ. ಮೇಲಿನ ಕೋಣೆಯಲ್ಲಿ ಫ್ಯಾನಿನ ಕೆಳಗೆ ಚಾಪೆ ಹಾಸಿ, ಇಬ್ಬರೂ ಕಾಲು ಚಾಚಿ ಮಲಗುತ್ತಾರೆ.