ಬಿಟ್ಟಿ ಅತ್ತಿಗೆಯ ಹಟ

ಆಕೆಗೆ ಅಪ್ಪನಿಂದ ಬಂದದ್ದು ಒಂದು ಕಟಿಂಗ್ ಅಂಗಡಿ, ಜೊತೆಗೆ ಮೂಗಿನ ತುದಿಯಲ್ಲೇ ಕೂತಿರುವ ಕೋಪ. ಅಂಗಡಿಯಲ್ಲಿ ಎರಡು ಕುರ್ಚಿ, ಎದುರಿಗೆ ಗೋಡೆಯಗಲದ ಕನ್ನಡಿ, ಹಿಂದೆ ಪರದೆ ಹಾಕಿದ ಪುಟ್ಟ ಕೋಣೆ. ಕೋಪಕ್ಕೆ ಮಾತ್ರ ಪರದೆ ಇರಲಿಲ್ಲ. ಕತ್ತರಿ ಹಿಡಿದಾಗ ಯಾರಾದರೂ ತಲೆ ಅಲ್ಲಾಡಿಸಿದರೆ, "ಕಿವಿ ಬೇಕೋ ಬೇಡವೋ, ಮೊದಲೇ ಹೇಳಿಬಿಡಿ" ಎನ್ನುತ್ತಿದ್ದಳು. ಗಂಡಸರು, ಹೆಂಗಸರು ಎಲ್ಲರೂ ಬಂದು ಈ ಬೈಗುಳ ತಿಂದು, ಚೆಂದದ ತಲೆ ಹೊತ್ತುಕೊಂಡು ಹೋಗುತ್ತಿದ್ದರು.

ಹಿಂದಿನ ಕೋಣೆಯಲ್ಲಿ ಒಂದು ಹಳೇ ಕಂಪ್ಯೂಟರ್ ಇತ್ತು. ಅದನ್ನು ತಂದಿಟ್ಟವನು ಆಕೆಯ ಮೈದುನ, ಕಂಪ್ಯೂಟರ್ ರಿಪೇರಿ ಮಾಡುವವನು. ಮಧ್ಯಾಹ್ನದ ಹೊತ್ತು ಗಿರಾಕಿಗಳಿಲ್ಲದೆ ಅತ್ತಿಗೆ ನೊಣ ಹೊಡೆಯುತ್ತಾ ಕೂತಿರುವುದನ್ನು ನೋಡಿ, ತಾನು ಆಡುತ್ತಿದ್ದ ಆನ್‌ಲೈನ್ ಆಟವೊಂದನ್ನು ಅದಕ್ಕೆ ಹಾಕಿಕೊಟ್ಟ. ಎಲ್ಲೆಲ್ಲಿಯ ಜನವೋ ಒಂದೇ ಹೊತ್ತಿಗೆ ಸೇರಿ ಆಡುವ ಆಟ. ಬಿಲ್ಲುಗಾರನೋ, ಮಾಟಗಾತಿಯೋ, ನಿಮಗೆ ಬೇಕಾದ ಪಾತ್ರ ಮಾಡಿಕೊಂಡು ಕಾಡುಮೇಡು ಅಲೆದು ಬಲ ಗಳಿಸಬೇಕು. ಆಮೇಲೆ ಕಣಕ್ಕಿಳಿದು ಎದುರಾಳಿಯ ಜೊತೆ ಒಬ್ಬರಿಗೊಬ್ಬರು ಸೆಣಸಬೇಕು. ಗೆಲ್ಲುತ್ತಾ ಹೋದರೆ ದರ್ಜೆ ಏರುತ್ತದೆ. ಎಲ್ಲಕ್ಕೂ ಮೇಲಿನದು ಮೊದಲ ದರ್ಜೆ.

"ಅತ್ತಿಗೆ, ಇದು ಫ್ರೀ ಅಕೌಂಟು. ಸುಮ್ಮನೆ ಕಾಡು ಸುತ್ತಿ, ಹೂವು ಕೀಳಿ, ಮೀನು ಹಿಡೀರಿ. ಕಣಕ್ಕೆ ಮಾತ್ರ ಹೋಗಬೇಡಿ. ಅದು ದುಡ್ಡು ಕಟ್ಟಿದವರ ಜಾಗ" ಎಂದ ಮೈದುನ.

ಹೋಗಬೇಡಿ ಎಂದರೆ ಆಕೆಗೆ ಹೋಗು ಎಂದ ಹಾಗೆಯೇ. "ಯಾಕೋ? ಬಾಗಿಲಿಗೆ ಬೀಗ ಹಾಕಿದ್ದಾರಾ?"

"ಬೀಗ ಇಲ್ಲ. ಆದ್ರೆ ದುಡ್ಡೇ ದೊಡ್ಡಪ್ಪ ಅಲ್ವಾ ಅತ್ತಿಗೆ. ಬಿಟ್ಟಿ ಅಕೌಂಟಲ್ಲಿ ನೀವು ಮೊದಲ ದರ್ಜೆಗೆ ಹೋದರೆ ನಿಮ್ಮ ಕುರ್ಚಿಯಲ್ಲೇ ಕೂತು ಮೀಸೆ ಬೋಳಿಸ್ಕೋತೀನಿ."

"ಸಾಬೂನು ನೊರೆ ಕಲೆಸಿಡ್ತೀನಿ, ಹೋಗು" ಎಂದಳು ಆಕೆ. ಅಂದಿನಿಂದ ಮೈದುನನ ಬಾಯಲ್ಲಿ ಆಕೆ ಬಿಟ್ಟಿ ಅತ್ತಿಗೆ. ಹೆಸರು ಅಂಗಡಿಯ ಗಿರಾಕಿಗಳಿಗೂ ಅಂಟಿತು.

ಈ ಬಿಟ್ಟಿ ಅಕೌಂಟಿನ ಪಾಡು ಏನು ಎಂದು ಹೇಳಿಬಿಡಬೇಕು. ತಿಂಗಳು ತಿಂಗಳೂ ದುಡ್ಡು ಕಟ್ಟುವವರ ಹೆಸರಿನ ಸುತ್ತ ಬಂಗಾರದ ಗೆರೆ. ಕಟ್ಟದವರ ಹೆಸರಿಗೆ ಬೂದು ಗೆರೆ. ಬಂಗಾರದವರು ಬಂದ ಕೂಡಲೇ ಆಟದ ಬಾಗಿಲು ತೆರೆಯುತ್ತದೆ, ಬೂದಿನವರು ಸಾಲಿನಲ್ಲಿ ಕಾಯಬೇಕು. ಅವರ ಚೀಲದಲ್ಲಿ ಆನೆ ಹಿಡಿಸುತ್ತದೆ, ಇವರ ಚೀಲದಲ್ಲಿ ಇಲಿ ಕೂರುವುದೂ ಕಷ್ಟ. ಸಂತೆಯಲ್ಲಿ ಮಾರುವ ಹಕ್ಕಿಲ್ಲ. ಕಣದಲ್ಲಿ ಅವರ ಕೈಗೆ ಹತ್ತಾರು ಪಟ್ಟುಗಳು, ಇವರಿಗೆ ನಾಲ್ಕೇ ನಾಲ್ಕು. ಇಷ್ಟೆಲ್ಲ ಮಾಡಿ, ಮೇಲೆ ದೊಡ್ಡ ಅಕ್ಷರದಲ್ಲಿ 'ಎಲ್ಲರಿಗೂ ಸ್ವಾಗತ' ಎಂದು ಬೇರೆ ಬರೆದಿರುತ್ತಾರೆ ಪುಣ್ಯಾತ್ಮರು.

ಆ 'ಎಲ್ಲರಿಗೂ' ಎಂಬ ಮಾತನ್ನೇ ಆಕೆ ಹಿಡಿದುಕೊಂಡಳು. "ಕರೆದ ಮೇಲೆ ಒಳಗೆ ಕೂರಿಸಬೇಕು. ಜಗಲಿ ಮೇಲೆ ಕೂರಿಸೋಕೆ ಯಾಕೆ ಕರೀಬೇಕಿತ್ತು?" ಎಂದು ಗಿರಾಕಿಗಳ ತಲೆಯ ಮೇಲಿಂದಲೇ ಕಂಪನಿಯವರನ್ನು ಬೈಯುತ್ತಿದ್ದಳು. ದುಡ್ಡು ಕಟ್ಟಲು ಆಕೆಗೆ ಶಕ್ತಿ ಇರಲಿಲ್ಲವೆಂದಲ್ಲ. ಮನಸ್ಸಿರಲಿಲ್ಲ, ಅಷ್ಟೇ.

ಸಾಲಿಗೆ ಆಕೆ ಉಪಾಯ ಕಂಡುಕೊಂಡಳು. ಗಿರಾಕಿ ಕುರ್ಚಿಯಲ್ಲಿ ಕೂತಾಗ ಹೋಗಿ ಬಾಗಿಲು ತಟ್ಟಿ ಬರುವುದು, ಒಂದು ತಲೆ ಮುಗಿಯುವ ಹೊತ್ತಿಗೆ ಸಾಲು ಕರಗಿರುತ್ತಿತ್ತು. ನಾಲ್ಕೇ ಪಟ್ಟುಗಳಲ್ಲಿ ಹೋರಾಡಲು ಗುರಾಣಿಯವಳ ಪಾತ್ರ ಆರಿಸಿಕೊಂಡಳು. ಗುರಾಣಿಯವಳು ಹಾರುವುದಿಲ್ಲ, ಬೆಂಕಿ ಉಗುಳುವುದಿಲ್ಲ, ನಿಂತಲ್ಲಿ ನಿಂತು ಏಟು ತಡೆದು ಸಮಯ ನೋಡಿ ಒಂದು ಕೊಡುತ್ತಾಳೆ. ತಲೆ ಅಲ್ಲಾಡಿಸುವ ಗಿರಾಕಿಯ ಭುಜ ಮೊದಲು ಏಳುತ್ತದೆ ಎನ್ನುವುದು ಆಕೆಗೆ ಗೊತ್ತಿತ್ತು. ಕಣದಲ್ಲೂ ಎದುರಾಳಿಯ ಆಯುಧ ನೋಡದೆ ಭುಜ ನೋಡುತ್ತಿದ್ದಳು.

ಹಾಗಂತ ಗೆದ್ದೂ ಗೆದ್ದೂ ಬೀಗಿದಳು ಎಂದುಕೊಳ್ಳಬೇಡಿ. ಮೊದಲ ವರ್ಷವೆಲ್ಲ ಸೋತದ್ದೇ ಸೋತದ್ದು. ಬಂಗಾರದವರು ಬರುವುದು, ಬೂದು ಗೆರೆ ನೋಡಿ ನಗುವುದು, ನೆಲಕ್ಕೆ ಕೆಡವಿ ಹೋಗುವುದು. ಎಷ್ಟೋ ಸಲ ತನ್ನ ಆಟ ಸರಿಯಿದ್ದೂ ಪಟ್ಟು ಸಾಲದೆ ಸೋತಳು. ಅದು ಆಕೆಗೆ ಗೊತ್ತಿತ್ತು, ಗೊತ್ತಿದ್ದೇ ಹೊಟ್ಟೆ ಉರಿಯುತ್ತಿತ್ತು. ಮೈದುನ ಬಂದು ಕೇಳುತ್ತಿದ್ದ: "ಏನತ್ತಿಗೆ, ನೆಲ ಡೊಂಕಿದೆಯಾ?"

"ಡೊಂಕೇ ಇದೆ. ಡೊಂಕು ನೆಲದ ಮೇಲೇ ಕುಣಿದು ತೋರಿಸ್ತೀನಿ, ನೋಡ್ತಿರು."

ತೋರಿಸುತ್ತಲೂ ಬಂದಳು. ವರ್ಷಗಳು ಕಳೆದವು. ಕೂದಲು ಕತ್ತರಿಸುತ್ತಾ ಕತ್ತರಿಸುತ್ತಾ ಒಂದೊಂದೇ ದರ್ಜೆ ಏರಿದಳು. ಕೊನೆಗೊಂದು ದಿನ ಮೊದಲ ದರ್ಜೆಯ ಹೊಸ್ತಿಲಿಗೆ ಬಂದು ನಿಂತಳು. ಇನ್ನೊಂದೇ ಒಂದು ಗೆಲುವು. ಆ ದರ್ಜೆಯ ಪಟ್ಟಿ ತೆರೆದರೆ ಮೇಲಿಂದ ಕೆಳಗಿನವರೆಗೆ ಬಂಗಾರವೇ ಬಂಗಾರ, ಒಂದೂ ಬೂದು ಗೆರೆಯಿಲ್ಲ. ಆ ಪಟ್ಟಿಯಲ್ಲಿ ಒಂದು ಬೂದು ಹೆಸರು ಕೂರಬೇಕು, ಅದು ತನ್ನದಾಗಬೇಕು. ಆಕೆಗೆ ಬೇಕಾಗಿದ್ದದ್ದು ಇಷ್ಟೇ.

ಮರುದಿನ ಊಟದ ಹೊತ್ತಿಗೆ ಸ್ವಲ್ಪ ಮುಂಚೆ ವೈರಿಂಗ್ ಕೆಲಸದವನೊಬ್ಬ ಕಟಿಂಗಿಗೆ ಬಂದು ಕೂತ. ಆಕೆ ಅವನ ಕುತ್ತಿಗೆಗೆ ಬಟ್ಟೆ ಕಟ್ಟಿ, ಎಂದಿನಂತೆ ಹಿಂದೆ ಹೋಗಿ ಆಟದ ಬಾಗಿಲು ತಟ್ಟಿದಳು. ಬಾಗಿಲು ತಟಕ್ಕನೆ ತೆರೆಯಿತು.

ಆಕೆ ಬೆಚ್ಚಿಬಿದ್ದಳು. ಸಾಲು ಎಲ್ಲಿ ಹೋಯಿತು? ತನ್ನ ಹೆಸರಿನ ಕಡೆ ನೋಡಿದರೆ ಸುತ್ತಲೂ ಬಂಗಾರದ ಗೆರೆ ಹೊಳೆಯುತ್ತಿದೆ. ಕೆಳಗೊಂದು ಸಾಲು: 'ನಿಮ್ಮ ಆತ್ಮೀಯರೊಬ್ಬರು ನಿಮಗೆ ಉಡುಗೊರೆ ಕೊಟ್ಟಿದ್ದಾರೆ.'

ಆತ್ಮೀಯರು ಯಾರು ಎಂದು ಆಕೆಗೆ ಎರಡನೇ ಸಲ ಯೋಚಿಸಬೇಕಾಗಲಿಲ್ಲ. ಸಿಟಿ ಬಸ್ಸಿನ ಡ್ರೈವರ್ ಆದ ಗಂಡ ಹಿಂದಿನ ಸಂಜೆಯಿಂದ ಕಾರಣವಿಲ್ಲದೆ ನಗುತ್ತಿದ್ದ. ಫೋನ್ ಮಾಡಿ, "ಈಗಿಂದೀಗಲೇ ಅಂಗಡಿಗೆ ಬನ್ನಿ" ಎಂದಳು. ಆ ದನಿ ಕೇಳಿದ ಮನುಷ್ಯ ಟ್ರಿಪ್ ಮುಗಿಸಿ, ಊಟದ ಡಬ್ಬಿ ಬಿಚ್ಚದೆ, ಯೂನಿಫಾರ್ಮಿನಲ್ಲೇ ಓಡಿಬಂದ.

"ಏನ್ರೀ ಮಾಡಿದ್ದೀರಿ ಇದು?"

"ಖುಷಿ ಆಯ್ತಾ?" ಎಂದ ಗಂಡ, ಪಾಪ.

"ಖುಷಿನಾ! ಯಾರ್ರೀ ಕೇಳಿದ್ರು ನಿಮ್ಮನ್ನ?"

ಗಂಡನ ಮುಖ ಸಪ್ಪಗಾಯಿತು. "ಅಲ್ಲ ಕಣೇ, ಕೊನೇ ಆಟ ಅಂದೆಯಲ್ಲ ನಿನ್ನೆ. ನನಗೆ ಭಯ ಆಯ್ತು. ನನ್ನ ಬಸ್ಸಲ್ಲಿ ದಿನಾ ನೋಡ್ತೀನಿ, ಟಿಕೆಟ್ ಇಲ್ಲದವರು ದಾರಿ ಉದ್ದಕ್ಕೂ ಆರಾಮಾಗಿ ಬರ್ತಾರೆ. ಕೊನೇ ಸ್ಟಾಪಲ್ಲಿ ಚೆಕಿಂಗ್‌ನವರು ಹತ್ತಿ, ಎಲ್ಲರೆದುರಿಗೆ ಇಳಿಸಿ ಮಾನ ಕಳೀತಾರೆ. ಇಷ್ಟು ವರ್ಷ ಬಂದು ಕೊನೇಲಿ ನಿನ್ನನ್ನ ಹಾಗೆ ಇಳಿಸಿಬಿಟ್ರೆ? ಅದಕ್ಕೇ ಟಿಕೆಟ್ ತಗೊಂಡುಬಿಟ್ಟೆ."

ಆಕೆಗೆ ಅಳಬೇಕೋ ಬೈಯಬೇಕೋ ತಿಳಿಯಲಿಲ್ಲ. ಈ ಮನುಷ್ಯ ತನ್ನನ್ನು ಯಾರೂ ಅವಮಾನ ಮಾಡಬಾರದೆಂದು ಒದ್ದಾಡಿದ್ದಾನೆ. ಆ ಪ್ರೀತಿ ಕಣ್ಣಿಗೆ ಕಾಣುತ್ತಿತ್ತು, ಅದಕ್ಕೇ ಕೋಪ ಇನ್ನೂ ಜಾಸ್ತಿಯಾಯಿತು. "ನಾನು ಕಳ್ಳ ಪ್ರಯಾಣಿಕಳಲ್ಲ ಕಣ್ರೀ! ಬಸ್ಸಿನ ಮೇಲೇ ಎಲ್ಲರಿಗೂ ಸ್ವಾಗತ ಅಂತ ಬರೆದಿದ್ದಾರೆ, ಬರೆದದ್ದನ್ನ ಓದಿ ಹತ್ತಿದ್ದೀನಿ. ನನ್ನನ್ನ ಯಾಕೆ ಇಳಿಸ್ತಾರೆ?"

ಮೈದುನನಿಗೂ ಕರೆ ಹೋಯಿತು. ಅವನು ಬಂದು ಕಂಪನಿಯವರಿಗೆ ಕೇಳಿ ನೋಡಿದ. ಉತ್ತರ ಬೇಗ ಬಂತು. ಒಮ್ಮೆ ದುಡ್ಡು ಬಿದ್ದ ಹೆಸರಿಗೆ ಬೂದು ಗೆರೆ ಮತ್ತೆ ಬರುವುದಿಲ್ಲ. ತಿಂಗಳು ಕಳೆದ ಮೇಲೆ ಬಂಗಾರ ಹೋಗಿ ಬೆಳ್ಳಿ ಆಗುತ್ತದೆ, ಅಷ್ಟೇ.

"ಹೋಗಲಿ ಬಿಡಿ ಅತ್ತಿಗೆ. ಬಿಟ್ಟಿ ಸಿಕ್ಕಿದ್ರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅಂತಾರೆ. ನೀವೊಬ್ಬರೇ ಉಡುಗೊರೆ ಕೊಟ್ಟರೂ ಜಗಳಕ್ಕೆ ಬರೋರು" ಎಂದು ಮೈದುನ ನಕ್ಕ.

ಆಕೆ ನಗಲಿಲ್ಲ. ಹೊಸದಾಗಿ ಬಂದ ಪಟ್ಟುಗಳ ಜಾಗ ಕಂಪ್ಯೂಟರ್ ಪರದೆಯ ಮೇಲೆ ಖಾಲಿ ಖಾಲಿ ಸಾಲಾಗಿ ನಿಂತಿತ್ತು. ಅದನ್ನು ದಿಟ್ಟಿಸಿ ನೋಡಿದಳು. "ಒಂದನ್ನೂ ಮುಟ್ಟಲ್ಲ. ನನ್ನ ನಾಲ್ಕು ನನಗೆ ಸಾಕು. ಇವತ್ತೇ ಆಡ್ತೀನಿ."

"ಅಕ್ಕಾ, ನನ್ನ ತಲೆ..." ಎಂದು ಕುರ್ಚಿಯಿಂದ ವೈರಿಂಗ್‌ನವನು ಕ್ಷೀಣವಾಗಿ ಕೂಗಿದ. ಜಗಳದ ಗಲಾಟೆಯಲ್ಲಿ ಅವನ ಎಡಗಡೆ ಕಟಿಂಗ್ ಆಗಿತ್ತು, ಬಲಗಡೆ ಕಾಡು ಹಾಗೇ ಉಳಿದಿತ್ತು.

"ತಲೆ ಎಲ್ಲಿಗೂ ಓಡಿಹೋಗಲ್ಲ, ಬಾ, ಕೂತು ನೋಡು" ಎಂದಳು. ಅವನು ಕುತ್ತಿಗೆಗೆ ಕಟ್ಟಿದ ಬಟ್ಟೆಯ ಸಮೇತ ಬಂದು ಸ್ಟೂಲಿನ ಮೇಲೆ ಕೂತ.

ಎದುರಾಳಿ ಎರಡು ಕೈಯಲ್ಲಿ ಎರಡು ಕೊಡಲಿ ಹಿಡಿದ ಬಂಗಾರದವ. ಬಂದವನೇ ಧಬಧಬನೆ ಬಾರಿಸಿದ. ಆಕೆ ಗುರಾಣಿ ಎತ್ತಿ ನಿಂತಳು. ಅವನು ಹಾರಿ ಬಂದ, ಸುತ್ತಿ ಬಂದ, ಒಂದಾದ ಮೇಲೊಂದು ಪಟ್ಟು ತೆಗೆದ. ಆಕೆಯ ಅರ್ಧ ಜೀವ ಹೋಯಿತು. ಗಂಡ ಕಣ್ಣು ಮುಚ್ಚಿಕೊಂಡ. ಆಕೆಯ ದೃಷ್ಟಿ ಮಾತ್ರ ಕೊಡಲಿಯವನ ಭುಜದ ಮೇಲಿಂದ ಕದಲಲಿಲ್ಲ. ಎಡಭುಜ ಎದ್ದಾಗ ಸುಳ್ಳು ಏಟು, ಬಲಭುಜ ಎದ್ದಾಗ ನಿಜದ್ದು. ಅದು ತಿಳಿದ ಮೇಲೆ ಇನ್ನೇನಿದೆ? ನಿಜದ ಏಟು ಬಂದಾಗಲೆಲ್ಲ ಗುರಾಣಿ ಅಡ್ಡ ಬಂತು, ಸುಳ್ಳಿನ ಏಟು ಬಂದಾಗಲೆಲ್ಲ ಅವನ ಪಕ್ಕೆಗೆ ಒಂದು ಬಿತ್ತು. ಕೊಡಲಿಯವನು ಸುಸ್ತಾದ, ತಪ್ಪಿದ, ಕೊನೆಗೆ ಬಿದ್ದ.

"ಗೆದ್ರಿ ಅಕ್ಕಾ!" ಎಂದು ಅರ್ಧ ತಲೆಯವನು ಸ್ಟೂಲಿನಿಂದ ಎದ್ದು ಕುಣಿದ. ಗಂಡ ಚಪ್ಪಾಳೆ ತಟ್ಟಿದ. ಪರದೆಯ ಮೇಲೆ ಮೊದಲ ದರ್ಜೆಯ ಪಟ್ಟಿ ತೆರೆದು, ಕೊನೆಯಲ್ಲಿ ಆಕೆಯ ಹೆಸರು ಬಂದು ಕೂತಿತು. ಉಳಿದ ಬಂಗಾರದ ನಡುವೆ ಇನ್ನೊಂದು ಬಂಗಾರ.

ಮೈದುನ ಮೀಸೆ ಸವರಿಕೊಂಡ. "ಬದುಕಿದೆ, ಮೀಸೆ ಉಳೀತು! ನಾನು ಮೊದಲಿಂದ ಹೇಳಿದ್ದೇ ಇದು. ನೋಡಿ ಅತ್ತಿಗೆ, ದುಡ್ಡು ಬಿದ್ದ ದಿನವೇ ಗೆದ್ದುಬಿಟ್ರಿ."

ಅವನೇನು ಕೆಟ್ಟವನಲ್ಲ, ತಮಾಷೆಗೆ ಅಂದ ಮಾತು. ಆದರೆ ಆ ಮಾತು ಆಕೆಯ ಎದೆಗೆ ಕೊಡಲಿಯವನ ಯಾವ ಏಟಿಗಿಂತಲೂ ಜೋರಾಗಿ ಬಿತ್ತು. ವರ್ಷಗಟ್ಟಲೆ ಸಾಲಿನಲ್ಲಿ ಕಾದದ್ದು, ಸೋತು ಸೋತು ಕಲಿತದ್ದು, ಎಲ್ಲ ಒಂದೇ ಮಾತಿಗೆ ಅಳಿಸಿಹೋಯಿತು. ಇವನೇ ಹೀಗಂದರೆ, ಆ ಪಟ್ಟಿ ನೋಡುವ ಊರೆಲ್ಲ ಇನ್ನೇನು ಅಂದೀತು?

"ಹಾಗಲ್ಲ ಸ್ವಾಮಿ, ನಾನು ಕಣ್ಣಾರೆ ನೋಡಿದೀನಿ, ಅಕ್ಕ ನಾಲ್ಕೇ ಪಟ್ಟು ಹಾಕಿದ್ದು" ಎಂದ ವೈರಿಂಗ್‌ನವನು.

"ಸಾಕ್ಷಿ ಹೇಳಿ ನಂಬಿಸೋ ಗೆಲುವು ನನಗೆ ಬೇಡಪ್ಪ" ಎಂದಳು ಆಕೆ. ಎದ್ದು ಕುರ್ಚಿಯನ್ನು ಗಂಡನ ಕಡೆ ತಳ್ಳಿದಳು. "ತಗೊಳ್ಳಿ, ಈ ಅಕೌಂಟು ನಿಮಗೆ. ಕಾಡು ಸುತ್ತಿ, ಮೀನು ಹಿಡೀರಿ. ನಾನು ಹೊಸದು ಮಾಡ್ಕೋತೀನಿ."

"ಅಯ್ಯೋ, ಮೊದಲಿಂದನಾ? ಮತ್ತೆ ಇಷ್ಟೇ ವರ್ಷ ಬೇಕಾಗುತ್ತಲ್ಲೇ!" ಗಂಡನಿಗೆ ಅಳುವೇ ಬಂತು. "ತಪ್ಪಾಯ್ತು ಕಣೇ ನನ್ನಿಂದ."

"ಆಯ್ತು. ನೀವು ಮಾಡಿದ್ದು ತಪ್ಪೇ. ಆದ್ರೆ ಕೆಟ್ಟ ಮನಸ್ಸಿಂದ ಮಾಡಿದ್ದಲ್ಲ, ಅದೂ ನನಗೆ ಗೊತ್ತು. ಅಳಬೇಡಿ, ಊಟ ಮಾಡಿ ಮೊದಲು."

ವೈರಿಂಗ್‌ನವನನ್ನು ಮತ್ತೆ ಕೂರಿಸಿ ಉಳಿದರ್ಧ ತಲೆ ಮುಗಿಸಿದಳು. ಆಮೇಲೆ ಕೈ ತೊಳೆದು ಬಂದು ಹೊಸ ಅಕೌಂಟು ತೆರೆದಳು. ಮತ್ತೆ ಗುರಾಣಿಯವಳೇ. ಹೆಸರಿನ ಸುತ್ತ ಬೂದು ಗೆರೆ ಮೂಡಿದಾಗ ಆಕೆಯ ಉಸಿರು ಸರಿಹೋಯಿತು.

"ಯಾರಿಗೆ ತೋರಿಸೋಕೆ ಅತ್ತಿಗೆ ಇಷ್ಟೆಲ್ಲ?" ಮೈದುನನ ದನಿಯಲ್ಲಿ ಈಗ ನಗು ಇರಲಿಲ್ಲ.

"ನಿನಗೇ ಕಣಯ್ಯ, ಇನ್ಯಾರಿಗೆ? ನಿನಗೆ, ನಿನ್ನ ಆಟದ ಕಂಪನಿಯವರಿಗೆ, ಪಟ್ಟಿಯಲ್ಲಿ ಕೂತಿರೋ ಅಷ್ಟೂ ಜನಕ್ಕೆ."

"ಈ ಸಲ ಆಗದೇ ಹೋದರೆ?"

"ಆಗದೇ ಹೋದರೆ ಸೋತದ್ದು ನಾನು. ಆಗಿಬಿಟ್ಟರೆ ಗೆದ್ದದ್ದೂ ನಾನೇ. ಸೋಲಿಗಾಗಲಿ ಗೆಲುವಿಗಾಗಲಿ ಬೇರೆ ಯಾರ ಹೆಸರೂ ಅಂಟಬಾರದು."

ಸಾಲು ಕರಗಿ ಬಾಗಿಲು ತೆರೆಯಿತು. ಎಲ್ಲಕ್ಕೂ ಕೆಳಗಿನ ದರ್ಜೆಯ ಕಣ. ಕೈಯಲ್ಲಿ ಹಲಗೆಯಂಥ ಮರದ ಗುರಾಣಿ. ಎದುರಿಗೆ ಬಂಗಾರದ ಗೆರೆಯ ಬಿಲ್ಲುಗಾರ, ಯಾರೋ ಆಟಕ್ಕೆ ಹೊಸಬ. ಆಕೆ ಎರಡು ಹೆಜ್ಜೆ ಇಡುವುದರೊಳಗೆ ಬಾಣಗಳ ಮಳೆ ಸುರಿದು ಹಲಗೆ ಸೀಳಿಹೋಯಿತು. ಗುರಾಣಿಯವಳು ಮಕಾಡೆ ಬಿದ್ದಳು. ಗಂಡ ತುತ್ತು ಕೈಯಲ್ಲೇ ಹಿಡಿದು "ಅಯ್ಯಯ್ಯೋ" ಎಂದ.

"ಅಯ್ಯೋ ಗಿಯ್ಯೋ ಅನ್ನಬೇಡಿ" ಎಂದಳು ಆಕೆ, ಪರದೆಯಿಂದ ಕಣ್ಣು ತೆಗೆಯದೆ. "ಅವನ ಭುಜ ನೋಡ್ಕೊಂಡಿದ್ದೀನಿ." ಹಾಗೆನ್ನುತ್ತಲೇ ಮತ್ತೆ ಕಣಕ್ಕಿಳಿದಳು.