ಏಳನೆಯ ಪುಟದ ತಪ್ಪು-ಒಪ್ಪು

ಸಂಶೋಧನಾ ಸಂಸ್ಥೆಯ ಮೂರನೇ ಮಹಡಿಯಲ್ಲಿ, ಮೆಟ್ಟಿಲು ಮುಗಿದ ಕೂಡಲೇ ಎಡಕ್ಕೆ, ಒಂದು ಕಿರಿದಾದ ಕೋಣೆ. ಒಂದು ಮೇಜು, ಒಂದು ಕುರ್ಚಿ, ಒಂದು ಕಿಟಕಿ. ಇನ್ನೊಬ್ಬರು ಒಳಗೆ ಬರಬೇಕಾದರೆ ಮೊದಲೇ ಒಳಗಿದ್ದವರು ಎದ್ದು ನಿಲ್ಲಬೇಕು. ಇಪ್ಪತ್ತನಾಲ್ಕು ವರ್ಷಗಳಿಂದ ಹಾಗೆ ಎದ್ದು ನಿಲ್ಲುತ್ತ ಬಂದವಳು ಕಿವಿಯಕ್ಕ. ಹಾಜರಿ ಪುಸ್ತಕದಲ್ಲಿ ಆಕೆಗೆ ತಂದೆತಾಯಿ ಇಟ್ಟ ಹೆಸರೂ ಇದೆ. ಆದರೆ ಬೆಳಗಿನಿಂದ ಸಂಜೆಯವರೆಗೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂರುವವಳನ್ನು ಯಾರೋ ಒಮ್ಮೆ ಹಾಗೆ ಕರೆದರು, ಅದೇ ನಿಂತಿತು.

ಪ್ರತಿ ಗುರುವಾರ ಕೆಳಗಿನ ಸಭಾಂಗಣದಲ್ಲಿ ಒಬ್ಬ ವಿದ್ವಾಂಸರು ತಮ್ಮ ಸಂಶೋಧನೆಯ ಬಗ್ಗೆ ಮಾತನಾಡುತ್ತಾರೆ. ಒಂದು ವಾರ ಯಹೂದಿ ಅನುಭಾವ, ಇನ್ನೊಂದು ವಾರ ಇರುವೆಗಳ ಸಂಸಾರ, ಮತ್ತೊಂದು ವಾರ ಸತ್ತುಹೋದ ನಕ್ಷತ್ರ. ಅದೆಲ್ಲ ರೆಕಾರ್ಡ್ ಆಗುತ್ತದೆ. ಕಿವಿಯಕ್ಕ ಕೇಳುತ್ತ ಕೇಳುತ್ತ ಟೈಪ್ ಮಾಡುತ್ತಾಳೆ. ಮೇಜಿನಡಿ ಒಂದು ಪೆಡಲ್ ಇದೆ. ಕಾಲಲ್ಲಿ ಒತ್ತಿದರೆ ಮಾತು ನಿಲ್ಲುತ್ತದೆ, ಬಿಟ್ಟರೆ ಮುಂದುವರಿಯುತ್ತದೆ. ಇಂಥ ಘಟಾನುಘಟಿಗಳ ಬಾಯನ್ನು ಕಾಲಲ್ಲಿ ಒತ್ತಿ ಮುಚ್ಚಿಸುವ ಅಧಿಕಾರ ಆ ಕಟ್ಟಡದಲ್ಲಿ ನಿರ್ದೇಶಕರಿಗೂ ಇರಲಿಲ್ಲ.

ಆಕೆಯ ಕೆಲಸಕ್ಕೆ ಆಕೆಯದೇ ಕೆಲವು ಕಾನೂನುಗಳಿದ್ದವು. ಕೆಮ್ಮಿಗೆ ಮೂರು ಚುಕ್ಕಿ. (ಓದುಗರು ಆ ಚುಕ್ಕಿಗಳನ್ನು ಗಹನವಾದ ಮೌನ ಎಂದುಕೊಂಡರು. ನೆಗಡಿಯಾದ ವಿದ್ವಾಂಸರಿಗೆ ಇದರಿಂದ ಒಳ್ಳೆಯ ಹೆಸರು ಬಂತು.) ಪುಟದ ಕೊನೆಗೆ ವಾಕ್ಯ ನೇತಾಡಬಾರದು, ಪ್ರತಿ ಪುಟವೂ ಹೊಸ ವಾಕ್ಯದಿಂದ ಶುರುವಾಗಿ ಪೂರ್ಣವಿರಾಮದಲ್ಲೇ ಮುಗಿಯಬೇಕು. ಇನ್ನು, ಕಂಸದೊಳಗೆ ‘ನಗು’ ಎಂದು ಹಾಕಬೇಕಾದರೆ ಸಭೆಯಲ್ಲಿ ಕನಿಷ್ಠ ಮೂವರಾದರೂ ನಕ್ಕಿರಬೇಕು.

ವಿದ್ವಾಂಸರಿಗೆ ಜಾಸ್ತಿ ಕಷ್ಟವಾಗುತ್ತಿದ್ದದ್ದು ಈ ಮೂರನೆಯ ಕಾನೂನು. ಉಪನ್ಯಾಸ ಮುಗಿದ ಎರಡು ದಿನಕ್ಕೆ ಒಬ್ಬೊಬ್ಬರಾಗಿ ಮೂರನೇ ಮಹಡಿಗೆ ಏದುಸಿರು ಬಿಡುತ್ತ ಹತ್ತಿ ಬಂದು, ಹವಾಮಾನದ ಮಾತಾಡಿ, ಕೊನೆಗೆ ದನಿ ತಗ್ಗಿಸಿ, “ಅಕ್ಕಾ, ಇಲ್ಲೊಂದು ನಗು ಹಾಕ್ಬಿಡಿ” ಎನ್ನುತ್ತಿದ್ದರು. ಆಕೆ ರೆಕಾರ್ಡ್ ಮತ್ತೆ ಹಾಕಿ, ಬೆರಳೆಣಿಸಿ, ಇಬ್ಬರೇ ಎಂದು ತಲೆಯಾಡಿಸುತ್ತಿದ್ದಳು.

ಇಷ್ಟು ಖಡಕ್ಕಾಗಿದ್ದವಳ ಕೈಯಲ್ಲೂ ಹೋದ ವರ್ಷ ಒಂದು ತಪ್ಪಾಗಿತ್ತು. ಮೂಗು ಕಟ್ಟಿದ್ದ ಭಾಷಾಶಾಸ್ತ್ರಜ್ಞರೊಬ್ಬರು ‘ಭಾಷೆಯ ಉಗಮ’ ಎಂದದ್ದು ‘ಭಾಷೆಯ ಉಗುರು’ ಎಂದು ಕೇಳಿಸಿ, ಹಾಗೆಯೇ ದಪ್ಪ ಅಕ್ಷರದಲ್ಲಿ ಮುಖಪುಟಕ್ಕೆ ಹೋಗಿಬಿಟ್ಟಿತು. ನಿರ್ದೇಶಕರು ಆಕೆಯನ್ನು ಕರೆಸಿ, ಇನ್ನೊಂದು ತಪ್ಪಾದರೆ ನೆಲಮಾಳಿಗೆಯ ದಾಸ್ತಾನು ಕೋಣೆಗೆ ಹಾಕುವುದಾಗಿ ಹೇಳಿದ್ದರು. ಅಲ್ಲಿ ಕಿಟಕಿಯಿಲ್ಲ, ಕೇಳುವುದಕ್ಕೆ ಏನೂ ಇಲ್ಲ, ಕಾಗದದ ರಿಮ್ಮುಗಳಿಗೆ ಮಾತು ಬರುವುದಿಲ್ಲ. ಹೆಡ್‌ಫೋನ್ ಇಲ್ಲದ ದಿನವನ್ನು ಕಿವಿಯಕ್ಕನಿಗೆ ನೆನೆಯಲೂ ಆಗುತ್ತಿರಲಿಲ್ಲ. ಎರಡು ತಿಂಗಳ ಮಟ್ಟಿಗೆಂದು ಬಂದವಳು ಇಪ್ಪತ್ತನಾಲ್ಕು ವರ್ಷ ಕೂತದ್ದು ಸಂಬಳಕ್ಕಷ್ಟೇ ಅಲ್ಲ. ಮುಂದಿನ ಗುರುವಾರ ಏನು ಕೇಳಲು ಸಿಗುತ್ತದೋ ಎಂಬ ಆಸೆಗೆ.

ಕೇಳಿದ್ದನ್ನು ಸಂಜೆ ಮನೆಯಲ್ಲಿ ಅತ್ತೆಗೆ ಹೇಳಬೇಕು. ಗಂಡ ಲಾರಿಯ ಮೇಲೆ ತಿಂಗಳಿಗೆ ಇಪ್ಪತ್ತು ದಿನ ಊರಾಚೆ ಇರುತ್ತಿದ್ದುದರಿಂದ ಮನೆಯಲ್ಲಿ ಅತ್ತೆ-ಸೊಸೆ ಇಬ್ಬರೇ. ಅತ್ತೆಗೆ ಕಿವಿ ಮಂದ. ಹಾಗಾಗಿ ಲೋಕದ ಉನ್ನತ ಜ್ಞಾನವೆಲ್ಲ ಆ ಮನೆಯಲ್ಲಿ ಗಂಟಲು ಹರಿಯುವಂತೆ ಕೂಗಿ ಹೇಳಬೇಕಾಗುತ್ತಿತ್ತು. ಗೋಡೆಯಾಚೆಯ ದರ್ಜಿ ಹೊಲಿಗೆ ಯಂತ್ರ ನಿಲ್ಲಿಸಿ ಕೇಳಿಸಿಕೊಂಡು ಕೇಳಿಸಿಕೊಂಡು ಈಗ ಅರ್ಧ ಪಂಡಿತನಾಗಿದ್ದ. ಬೆಳಿಗ್ಗೆ ಎದುರಾದರೆ, “ಆ ಹುಳ ಆಮೇಲೆ ಏನಾಯ್ತಕ್ಕಾ?” ಎಂದು ವಿಚಾರಿಸುತ್ತಿದ್ದ.

ಹುಳ ಎಂದರೆ ಹುಳದ ಮೇಡಂ ಅವರ ಹುಳ. ಜೀವಶಾಸ್ತ್ರದ ಈ ಮೇಡಂ ಅಲ್ಪವಿರಾಮದಷ್ಟು ಉದ್ದದ ಒಂದು ಹುಳವನ್ನು ಮೂವತ್ತು ವರ್ಷ ನೋಡಿದವರು. ಅದರ ಒಂದೊಂದು ಜೀವಕೋಶದಲ್ಲೂ ಬದುಕಿನ ಬರಹವಿದೆ, ಜೀವ ಅದನ್ನು ನಕಲು ಮಾಡುತ್ತ ಮಾಡುತ್ತ ಮುಂದೆ ಸಾಗುತ್ತದೆ ಎನ್ನುವುದು ಅವರ ಸಂಶೋಧನೆ. ಅವರಿಗೂ ಅಕ್ಷರದ ಪ್ರೊಫೆಸರರಿಗೂ ಎಣ್ಣೆ-ಸೀಗೆಕಾಯಿ. ಪ್ರೊಫೆಸರರದು ಯಹೂದಿ ಅನುಭಾವ: ಸೃಷ್ಟಿಯಾದದ್ದೇ ಅಕ್ಷರಗಳಿಂದ, ಮೊದಲು ಎಲ್ಲೆಲ್ಲೂ ದೇವರೇ ತುಂಬಿದ್ದ, ಲೋಕಕ್ಕೆ ಜಾಗವೇ ಇರಲಿಲ್ಲ, ಆಗ ಆತ ತನ್ನನ್ನು ತಾನೇ ಕುಗ್ಗಿಸಿಕೊಂಡು ಹಿಂದೆ ಸರಿದು ಜಾಗ ಬಿಟ್ಟುಕೊಟ್ಟ. ಇದನ್ನು ಹೇಳಲು ಪ್ರೊಫೆಸರರು ನಿಗದಿಯಾದ ಸಮಯಕ್ಕಿಂತ ನಲವತ್ತು ನಿಮಿಷ ಹೆಚ್ಚು ತೆಗೆದುಕೊಂಡರು. ಸಭೆಗೆ ಬಂದರೆ ಅವರಿಗೆ ಮೂರು ಕುರ್ಚಿ ಬೇಕು: ಒಂದು ಅವರಿಗೆ, ಒಂದು ಚೀಲಕ್ಕೆ, ಒಂದು ಕೊಡೆಗೆ.

ಇಬ್ಬರ ಉಪನ್ಯಾಸಗಳನ್ನೂ ಎರಡು ಪುಸ್ತಿಕೆಗಳಾಗಿ ಅಚ್ಚುಹಾಕಿ, ಮೂರನೆಯ ಗುರುವಾರ ಇಬ್ಬರನ್ನೂ ಒಂದೇ ವೇದಿಕೆಯಲ್ಲಿ ಕೂರಿಸಿ ಚರ್ಚೆ ಮಾಡಿಸುವುದೆಂದು ನಿರ್ದೇಶಕರು ತೀರ್ಮಾನಿಸಿದರು. ಜಗಳ ಮೊದಲ ಪುಟದಲ್ಲೇ ಶುರುವಾಯಿತು. ಪ್ರತಿ ಪುಟದ ತಲೆಯ ಮೇಲೆ ಉಪನ್ಯಾಸಕರ ಹೆಸರು ಹಾಕುವುದು ರೂಢಿ. ಪ್ರೊಫೆಸರರ ಹೆಸರು ಪದವಿ, ಪ್ರಶಸ್ತಿ ಸೇರಿ ಎರಡು ಸಾಲಾಯಿತು. ಮೇಡಂ ತಮಗೂ ಎರಡು ಸಾಲು ಬೇಕೆಂದರು. ಪ್ರೊಫೆಸರರಿಗೆ ಮರೆತಿದ್ದ ಇನ್ನೆರಡು ಪ್ರಶಸ್ತಿ ನೆನಪಾದವು. ನಾಲ್ಕನೆಯ ಸಾಲಿಗೆ ಬರುವ ಹೊತ್ತಿಗೆ ನಿರ್ದೇಶಕರು ತಲೆ ಚಚ್ಚಿಕೊಂಡು, ಪುಟದ ಮೇಲೆ ಯಾರ ಹೆಸರೂ ಬೇಡ, ನಂಬರು ಸಾಕು ಎಂದು ಆಜ್ಞೆ ಹೊರಡಿಸಿದರು.

ಅಚ್ಚಿಗೆ ಹೋಗುವ ದಿನ ಇಬ್ಬರೂ ಅರ್ಧ ಗಂಟೆಯ ಅಂತರದಲ್ಲಿ ಮಹಡಿ ಹತ್ತಿ ಬಂದರು. ಇಬ್ಬರಿಗೂ ಏಳನೆಯ ಪುಟದಲ್ಲಿ ಒಂದು ನಗು ಬೇಕಾಗಿತ್ತು. ಕಿವಿಯಕ್ಕ ಎರಡೂ ಕಟ್ಟುಗಳಿಂದ ಏಳನೆಯ ಹಾಳೆ ಹೊರತೆಗೆದು ಮೇಜಿನ ಮೇಲಿಟ್ಟುಕೊಂಡು ರೆಕಾರ್ಡ್ ಕೇಳಿದಳು. ಮೇಡಂ ಮಾತಿಗೆ ನಕ್ಕದ್ದು ಒಬ್ಬರು, ಅದೂ ಅವರ ಕೈಕೆಳಗೆ ಸಂಶೋಧನೆ ಮಾಡುವವರು. ಪ್ರೊಫೆಸರರ ಮಾತಿಗೆ ನಕ್ಕದ್ದು ಇಬ್ಬರು, ಅವರಲ್ಲೊಬ್ಬರು ಸ್ವತಃ ಪ್ರೊಫೆಸರರು. ಆಗುವುದಿಲ್ಲ ಎಂದು ಆಕೆ ಹಾಳೆಗಳನ್ನು ಕಟ್ಟಿಗೆ ಸೇರಿಸಿ ಅಚ್ಚಿಗೆ ಕಳಿಸಿದಳು.

ಗುರುವಾರ ಸಭಾಂಗಣ ತುಂಬಿತ್ತು. ಎಲ್ಲರ ಕೈಯಲ್ಲೂ ಎರಡೆರಡು ಪುಸ್ತಿಕೆ. ಕಿವಿಯಕ್ಕ ಪಕ್ಕದ ಗಾಜಿನ ಗೂಡಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ರೆಕಾರ್ಡ್ ಮಾಡುತ್ತ ಕೂತಿದ್ದಳು. ಜಗಳ ನೋಡಲು ಬಂದವರಿಗೆ ಮೊದಲ ಮಾತಿಗೇ ನಿರಾಸೆಯಾಯಿತು.

“ಸರ್ ಮಾತು ಅಂದ್ರೆ ನನಗೆ ಯಾವತ್ತೂ ಮಂಜು ಕವಿದ ಹಾಗೆ,” ಎಂದರು ಹುಳದ ಮೇಡಂ. “ಆದ್ರೆ ಇವರ ಏಳನೇ ಪುಟ ಓದಿ ನಿಜವಾಗ್ಲೂ ಬೆರಗಾದೆ.” ಕನ್ನಡಕ ಏರಿಸಿ ಓದಿದರು: “ನಕಲು ಮಾಡುವ ಕೈ ಎಂದೂ ತಪ್ಪದಿದ್ದರೆ ಲೋಕದಲ್ಲಿ ಹೊಸದೇನೂ ಹುಟ್ಟುತ್ತಿರಲಿಲ್ಲ. ಒಂದಕ್ಷರ ಜಾರಿದಲ್ಲೇ ಹೊಸ ಬದುಕಿನ ಬಾಗಿಲು.” ಓದಿ ಮುಗಿಸಿ, ತಾವೇ ಹೇಳಿದಷ್ಟು ಸ್ಪಷ್ಟವಾಗಿದೆ ಎಂದು ಮೆಚ್ಚಿಕೊಂಡರು.

ಗಾಜಿನ ಗೂಡಿನಲ್ಲಿ ಕಿವಿಯಕ್ಕ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಆ ವಾಕ್ಯವನ್ನು ಆಕೆ ಕೇಳಿದ್ದು ಮೇಡಂ ದನಿಯಲ್ಲೇ. ‘ಜಾರಿದಲ್ಲೇ’ ಎಂಬಲ್ಲಿ ಅವರು ನೀರು ಕುಡಿದ ಸದ್ದೂ ನೆನಪಿತ್ತು. ಏಳನೆಯ ಹಾಳೆಗಳು ಅದಲುಬದಲಾಗಿದ್ದವು. ಹೆಸರಿಲ್ಲದ ಪುಟ, ಹೊಸ ವಾಕ್ಯದಿಂದ ಶುರುವಾಗಿ ಪೂರ್ಣವಿರಾಮದಲ್ಲಿ ಮುಗಿಯುವ ಪುಟ, ಎರಡರಲ್ಲೂ ಅಕ್ಷರದ ಮಾತು. ಯಾವ ಕಟ್ಟಿಗೆ ಹಾಕಿದರೂ ಅಚ್ಚುಕಟ್ಟಾಗಿ ಕೂರುವಂತೆ ಆಕೆಯೇ ಮಾಡಿಟ್ಟಿದ್ದಳು.

ಈಗ ಪ್ರೊಫೆಸರರು ಇದು ನನ್ನದಲ್ಲ ಎನ್ನುತ್ತಾರೆ, ತನ್ನ ಕಥೆ ಮುಗಿಯಿತು ಎಂದು ಆಕೆ ಉಸಿರು ಬಿಗಿಹಿಡಿದಳು. ಪ್ರೊಫೆಸರರು ಪುಟ ನೋಡಿದರು. ಒಂದು ಕ್ಷಣ, ತಮ್ಮದೆಂದು ಬೇರೆಯವರ ಕೋಟಿನ ಜೇಬಿಗೆ ಕೈ ಹಾಕಿದವರ ಮುಖವಾಯಿತು. ಆಮೇಲೆ ನಿಧಾನವಾಗಿ ಗಡ್ಡ ನೀವಿಕೊಂಡರು.

“ಹೌದು. ಅದು ಬಹಳ ವರ್ಷದ ಧ್ಯಾನದಲ್ಲಿ ಹೊಳೆದದ್ದು.”

ಹೊಗಳಿಸಿಕೊಂಡ ಮೇಲೆ ಸುಮ್ಮನಿರಲಾದೀತೇ? ಅವರೂ ಮೇಡಂ ಪುಸ್ತಿಕೆಯ ಏಳನೆಯ ಪುಟ ತೆರೆದು ಗಂಭೀರವಾಗಿ ಓದಿದರು: “ತಾನೇ ತುಂಬಿಕೊಂಡಿರುವ ಕಡೆ ಬೇರೇನೂ ಹುಟ್ಟುವುದಿಲ್ಲ. ದೊಡ್ಡದು ಹಿಂದೆ ಸರಿದಾಗಲೇ ಸಣ್ಣದಕ್ಕೆ ಉಸಿರು.” ಹುಳ ನೋಡುವವರಿಗೆ ಇಂಥ ಒಳನೋಟ ಸಿಕ್ಕಿದ್ದು ಹೇಗೆ ಎಂದು ಅಚ್ಚರಿಪಟ್ಟರು. ತಮ್ಮ ಮನಸ್ಸಿನಲ್ಲಿದ್ದುದನ್ನೇ ಎತ್ತಿ ಬರೆದ ಹಾಗಿದೆ ಎಂದರು. ಮೇಡಂ ಪುಟವನ್ನು ಎರಡು ಸಲ ನೋಡಿ, ಸೂಕ್ಷ್ಮದರ್ಶಕದ ಮುಂದೆ ಮೂವತ್ತು ವರ್ಷ ಕೂತರೆ ಇಂಥದ್ದೆಲ್ಲ ತಾನಾಗಿ ಹೊಳೆಯುತ್ತದೆ ಎಂದು ವಿನಯದಿಂದ ತಲೆಬಾಗಿಸಿದರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ನಿರ್ದೇಶಕರು ಉಬ್ಬಿಹೋಗಿ, ಎರಡೂ ಪುಸ್ತಿಕೆಗಳನ್ನು ಮುಂದಿನ ವಾರವೇ ಗಟ್ಟಿ ರಟ್ಟಿನ ಪುಸ್ತಕವಾಗಿ ತರುವುದಾಗಿ ಅಲ್ಲೇ ಘೋಷಿಸಿಬಿಟ್ಟರು.

ಸಂಜೆ ಕಿವಿಯಕ್ಕ ಮುಖ ಸಪ್ಪೆ ಮಾಡಿಕೊಂಡು ಬಾಗಿಲಿಗೆ ಬಂದದ್ದೇ ಅತ್ತೆ ಕೇಳಿದರು, “ಯಾರಾದ್ರೂ ಬೈದ್ರೇನೇ?”

“ಇಲ್ಲ ಅತ್ತೆ. ಎಲ್ಲರೂ ಹೊಗಳಿಕೊಂಡ್ರು.”

“ಮತ್ತೆ ಯಾಕೆ ಹೀಗಿದೀಯ?”

ಆಕೆ ನಡೆದದ್ದನ್ನೆಲ್ಲ ಕೂಗಿ ಹೇಳಿದಳು. ಗೋಡೆಯಾಚೆ ಹೊಲಿಗೆ ಯಂತ್ರ ನಿಂತಿತು. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ, ಕಿಟಕಿಯಿರುವ ಕೋಣೆ ಉಳಿಯುತ್ತದೆ. ಆದರೆ ತಪ್ಪು ಗಟ್ಟಿ ರಟ್ಟಿನೊಳಗೆ ಶಾಶ್ವತವಾಗಿ ಕೂರುತ್ತದೆ. ಹೇಳಿದರೆ ನೆಲಮಾಳಿಗೆ. ಅತ್ತೆ ತಟ್ಟೆ ಒರೆಸುತ್ತ ಕೇಳಿದರು.

“ನೀನು ಇಷ್ಟು ವರ್ಷ ನನ್ನ ಹತ್ರ ಕೂಗಿದ್ದೀಯಲ್ಲ, ಅದೆಲ್ಲ ಅವರು ಹೇಳಿದ್ದೇ ತಾನೇ? ನೀನು ಸೇರಿಸಿದ್ದಲ್ವಲ್ಲ?”

“ಒಂದಕ್ಷರಾನೂ ಸೇರಿಸಿಲ್ಲ ಅತ್ತೆ.”

“ಹಾಗಂತ ನಂಬ್ಕೊಂಡೇ ನಾನು ಕೇಳಿದ್ದು,” ಎಂದು ಅತ್ತೆ ತಟ್ಟೆ ಇಟ್ಟರು. ಗೋಡೆಯಾಚೆ ಅವತ್ತು ಯಂತ್ರ ಮತ್ತೆ ಶುರುವಾಗಲಿಲ್ಲ.

ಮರುದಿನ ಬೆಳಿಗ್ಗೆ ಆಕೆ ಎರಡೂ ರೆಕಾರ್ಡುಗಳನ್ನು ಹಿಡಿದುಕೊಂಡು ನಿರ್ದೇಶಕರ ಕೋಣೆಗೆ ಹೋಗಿ ತಪ್ಪೊಪ್ಪಿಕೊಂಡಳು. ನಿರ್ದೇಶಕರ ಮುಖ ಬಿಳುಪೇರಿತು. ವಿದ್ವಾಂಸರಿಬ್ಬರನ್ನೂ ಕರೆಸಿದರು. ಪ್ರೊಫೆಸರರ ಚೀಲ, ಕೊಡೆಗಳಿಗೂ ಜಾಗವಾದ ಮೇಲೆ ಕಿವಿಯಕ್ಕ ರೆಕಾರ್ಡ್ ಹಾಕಿದಳು. ಮೇಡಂ ಅವರದೇ ದನಿ ನಕಲಿನ ಬಗ್ಗೆ ಮಾತಾಡಿತು, ನೀರು ಕುಡಿಯಿತು. ಪ್ರೊಫೆಸರರ ದನಿ ಜಾಗ ಬಿಡುವುದರ ಬಗ್ಗೆ ಮಾತಾಡಿತು, ತನ್ನ ಮಾತಿಗೆ ತಾನೇ ನಕ್ಕಿತು. ಕೋಣೆಯಲ್ಲಿ ಕಿವಿಯಕ್ಕ ಮೂರು ಚುಕ್ಕಿ ಹಾಕಬಹುದಾದಂಥ ಮೌನ.

“ಹಿಂದೆಯೇ ಹೇಳಿದ್ದೆ,” ಎಂದು ನಿರ್ದೇಶಕರು ಶುರುಮಾಡಿದರು. “ನಾಳೆಯಿಂದ ದಾಸ್ತಾನು ಕೋಣೆ.”

ಪ್ರೊಫೆಸರರು ಗಾಬರಿಯಿಂದ ಎದ್ದು ನಿಂತರು. “ಹಾಗಾದ್ರೆ ನಿನ್ನೆಯ ಚರ್ಚೆ ಯಾರು ಟೈಪ್ ಮಾಡೋದು?”

ನಿರ್ದೇಶಕರು, ಹೊರಗಿನ ಯಾರಿಗಾದರೂ ಕೊಡೋಣ ಎಂದರು. ಹೊರಗಿನವರು, ಕೈಯಲ್ಲಿ ರೆಕಾರ್ಡು, ಅದರಲ್ಲಿ ವೇದಿಕೆಯ ಮೇಲೆ ಕೊಚ್ಚಿಕೊಂಡ ‘ಬಹಳ ವರ್ಷದ ಧ್ಯಾನ’! ವಿದ್ವಾಂಸರಿಬ್ಬರೂ ಆ ವೇದಿಕೆ ಹತ್ತಿದ ಮೇಲೆ ಎರಡನೆಯ ಬಾರಿ ಒಮ್ಮತಕ್ಕೆ ಬಂದರು: ಅಕ್ಕನೇ ಮಾಡಲಿ. ಪ್ರೊಫೆಸರರು ದನಿಗೆ ಜೇನು ಸವರಿ ಕೇಳಿದರು, “ಆ ಧ್ಯಾನ ಅಂದ್ನಲ್ಲ, ಅಲ್ಲಿ ಮೂರು ಚುಕ್ಕಿ ಹಾಕೋ ಹಾಗೆ ನನಗೆ ಕೆಮ್ಮು ಬಂದಿತ್ತು ಅನ್ಸತ್ತೆ. ಅಲ್ವಾ ಅಕ್ಕಾ?”

“ಬಂದಿರಲಿಲ್ಲ ಸರ್,” ಎಂದಳು ಕಿವಿಯಕ್ಕ. “ಈಗ ಕೆಮ್ಮಿದ್ರೂ ಅಲ್ಲಿ ಹಾಕೋಕಾಗಲ್ಲ.”

ಮೊದಲು ನಕ್ಕವರು ಹುಳದ ಮೇಡಂ. ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತ, “ನಾನು ಒಂದು ಗಂಟೆ ನಿಂತು ಹೇಳಿದ್ದು ಇದನ್ನೇ ಅಲ್ವಾ? ನಕಲು ಮಾಡೋ ಕೈ ತಪ್ಪದೇ ಇದ್ದಿದ್ರೆ ನಾವಿಬ್ರೂ ಇನ್ನೊಬ್ಬರ ಪುಸ್ತಿಕೇನ ಹೊಗಳ್ತಾನೇ ಇರ್ಲಿಲ್ಲ,” ಎಂದರು. ಪ್ರೊಫೆಸರರ ಗಡ್ಡ ಅಲುಗಿತು. ಆಮೇಲೆ ಹೊಟ್ಟೆ ಅಲುಗಿತು. ನೋಡುತ್ತಿದ್ದ ಕಿವಿಯಕ್ಕನಿಗೂ ತಡೆಯಲಾಗಲಿಲ್ಲ. ನಿರ್ದೇಶಕರು ನಗಲಿಲ್ಲ. ಪರವಾಗಿಲ್ಲ, ಮೂವರಾಗಿತ್ತು.

ನಗು ನಿಂತ ಮೇಲೆ ಪ್ರೊಫೆಸರರು ತಮ್ಮ ಕೊಡೆಯನ್ನು ಕುರ್ಚಿಯಿಂದ ಎತ್ತಿ ನೆಲಕ್ಕಿಟ್ಟು, ನಿಂತೇ ಇದ್ದ ಕಿವಿಯಕ್ಕನಿಗೆ ಕೂರಲು ಹೇಳಿದರು. ಆ ಕಟ್ಟಡದ ಇತಿಹಾಸದಲ್ಲಿ ಅವರು ಬಿಟ್ಟುಕೊಟ್ಟ ಮೊದಲ ಜಾಗ ಅದು. ಕೂತವಳು ಸಿಕ್ಕ ಧೈರ್ಯದಲ್ಲಿ, ಪುಟದ ತಲೆಯ ಮೇಲೆ ಹೆಸರಿದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಮೆಲ್ಲಗೆ ಹೇಳಿದಳು. ಹೆಸರು ತೆಗೆಸಿದ್ದು ಯಾರ ಆಜ್ಞೆ, ತೆಗೆಸುವಂತೆ ಮಾಡಿದ್ದು ಯಾರ ಪ್ರಶಸ್ತಿಗಳು ಎಂಬುದನ್ನು ಹೇಳಲಿಲ್ಲ. ಮೂವರೂ ಒಂದೇ ಸಲ ಕಿಟಕಿಯ ಕಡೆ ನೋಡಿದ್ದರಿಂದ ಹೇಳುವ ಅಗತ್ಯ ಬೀಳಲಿಲ್ಲ. ದಾಸ್ತಾನು ಕೋಣೆಯ ಮಾತನ್ನು ನಿರ್ದೇಶಕರು ಮತ್ತೆ ಎತ್ತಲಿಲ್ಲ.

ಗಟ್ಟಿ ರಟ್ಟಿನ ಪುಸ್ತಕದಲ್ಲಿ ಪುಟಗಳು ತಮ್ಮ ತಮ್ಮ ಜಾಗಕ್ಕೆ ಬಂದವು, ಪ್ರತಿ ಪುಟದ ಮೇಲೂ ಒಂದೇ ಸಾಲಿನ ಹೆಸರು. ಆಗಲೇ ಹಂಚಿಹೋಗಿದ್ದ ಪುಸ್ತಿಕೆಗಳಿಗೆ ಅಂಟಿಸಲು ಕಿವಿಯಕ್ಕ ತಪ್ಪು-ಒಪ್ಪುಗಳ ಚೀಟಿ ಟೈಪ್ ಮಾಡಿದಳು. ಬೇರೆಯವರ ಪುಸ್ತಕಗಳಲ್ಲಿ ಅದು ಉದ್ದದ ಪಟ್ಟಿ. ಇಲ್ಲಿ ಒಂದೇ ಸಾಲು ಸಾಕಾಯಿತು, ಎರಡೂ ಪುಸ್ತಿಕೆಗೂ ಅದೇ ನಡೆಯುತ್ತಿತ್ತು. ಸಂಜೆ ಮನೆಯಲ್ಲಿ ಅದನ್ನು ಅತ್ತೆಗೆ ಕೂಗಿ ಓದಿದಾಗ ಅತ್ತೆ ನಕ್ಕರು, ಸೊಸೆ ನಕ್ಕಳು, ಗೋಡೆಯಾಚೆಯಿಂದಲೂ ಒಂದು ನಗು ಕೇಳಿಸಿತು.

‘ಪುಟ ೭. ತಪ್ಪು: ಇವರು. ಒಪ್ಪು: ಅವರು.’