ಪರದೆ ಹಿಂದಿನ ಹಾರ್ನು

ಹೋದ ತಿಂಗಳು ಮದುವೆಯೊಂದಕ್ಕೆ ಹೊಸಪೇಟೆಗೆ ಹೋಗಿದ್ದೆ. ಊಟಕ್ಕೆ ಇನ್ನೂ ಹೊತ್ತಿತ್ತು. ಫೋನಿಗೊಂದು ಚಾರ್ಜರ್ ಕೊಳ್ಳೋಣವೆಂದು ಹತ್ತಿರದ ಅಂಗಡಿಗೆ ಹೊಕ್ಕೆ. ಅಂಗಡಿಯವರು ಚಾರ್ಜರ್ ಜೊತೆಗೆ ತೆಂಗಿನಕಾಯಿ ಗಾತ್ರದ ಸ್ಪೀಕರೊಂದನ್ನೂ ಮುಂದಿಟ್ಟು, ಹಾಡು ಹಚ್ಚಿ, "ಕೇಳ್ರಿ ಸರ, ಎದಿ ನಡುಗತೈತಿ" ಎಂದರು. ನಿಜಕ್ಕೂ ನಡುಗಿತು. ಆದರೆ ಹಾಡುತ್ತಿದ್ದವಳ ಒಂದು ಮಾತೂ ತಿಳಿಯಲಿಲ್ಲ.

"ಸ್ವಲ್ಪ ಸಣ್ಣಗೆ ಮಾಡಿ. ಆಗ ಮಾತು ಕೇಳಿಸುತ್ತದೇನೋ ನೋಡೋಣ" ಎಂದೆ.

ಅವರು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಅವರ ತಪ್ಪಲ್ಲ. ಆ ಪರೀಕ್ಷೆ ನನ್ನದೂ ಅಲ್ಲ, ಶಾರದಮ್ಮನವರದು. ಅವರು ಯಾರೆಂದು ಹೇಳಬೇಕಾದರೆ ನೀವು ನನ್ನ ಜೊತೆ ಇಪ್ಪತ್ತು ವರ್ಷ ಹಿಂದಕ್ಕೆ ಬರಬೇಕು.

ಆಗ ನಾನು ಹೊಸಪೇಟೆಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದೆ. ಕಬ್ಬಿಣದ ಅದಿರಿನ ವ್ಯಾಪಾರ ಜೋರಾಗಿದ್ದ ಕಾಲ. ಸಂಡೂರಿನ ಗುಡ್ಡಗಳಿಂದ ಇಳಿದ ಲಾರಿಗಳು ಒಂದರ ಹಿಂದೊಂದು ನಮ್ಮ ರಸ್ತೆಯಲ್ಲೇ ಹಾದುಹೋಗುತ್ತಿದ್ದವು. ಬೆಳಿಗ್ಗೆ ಒಣಹಾಕಿದ ಬಿಳಿ ಅಂಗಿ ಸಂಜೆಗೆ ಕಾವಿ ಬಣ್ಣಕ್ಕೆ ತಿರುಗಿರುತ್ತಿತ್ತು. ಒಬ್ಬರ ಮಾತು ಒಬ್ಬರಿಗೆ ಕೇಳಬೇಕಾದರೆ ಕೂಗಬೇಕಿತ್ತು. ಮನೆಮನೆಗೂ ಹೊಸ ಮ್ಯೂಸಿಕ್ ಸಿಸ್ಟಂ ಬರುತ್ತಿದ್ದ ದಿನಗಳವು, ನಾನೂ ಹಿಂದೆ ಬೀಳಲಿಲ್ಲ. ಐದು ಸಣ್ಣ ಡಬ್ಬಿ, ಒಂದು ದೊಡ್ಡ ಡಬ್ಬಿಯ ಹೋಮ್ ಥಿಯೇಟರ್ ತಂದು, ಮೂಲೆ ಮೂಲೆಗೆ ವೈರು ಎಳೆದು, ನಡುವೆ ಮಹಾರಾಜನ ಹಾಗೆ ಕುಳಿತುಕೊಳ್ಳುತ್ತಿದ್ದೆ. ಬಂದವರಿಗೆಲ್ಲ ಅದರ ವ್ಯಾಟ್ ಎಷ್ಟೆಂದು ಹೇಳುತ್ತಿದ್ದೆ, ಕೆಲವರು ಮಕ್ಕಳ ಅಂಕ ಹೇಳುವ ಹಾಗೆ.

ನಾನಿದ್ದದ್ದು ಮಾಳಿಗೆಯ ಮೇಲೆ. ಕೆಳಗೆ ಮನೆಯ ಮಾಲೀಕರು, ವಿರೂಪಾಕ್ಷಪ್ಪ ಮತ್ತು ಶಾರದಮ್ಮ. ವಿರೂಪಾಕ್ಷಪ್ಪ ಕಂಪ್ಲಿಯ ಟಾಕೀಸಿನಲ್ಲಿ ಮೂವತ್ತು ವರ್ಷ ಆಪರೇಟರ್ ಆಗಿದ್ದವರು, ಅಂದರೆ ಪ್ರೊಜೆಕ್ಟರ್ ಓಡಿಸುವವರು; ಕೆಲಸ ಬಿಟ್ಟ ಮೇಲೆ ಹೊಸಪೇಟೆಯ ಈ ಮನೆಗೆ ಬಂದಿದ್ದರು. ಶಾರದಮ್ಮ ಅದೇ ಕಂಪ್ಲಿಯ ಹೆಣ್ಣುಮಗಳು. ಮದುವೆಗೆ ಮೊದಲೂ ಆಮೇಲೂ ಶುಕ್ರವಾರದ ಮ್ಯಾಟಿನಿ ತಪ್ಪಿಸಿದವರಲ್ಲ. ಹೆಂಗಸರ ಬೆಂಚಿನ ಕೊನೆಯ ಸಾಲು ಅವರ ಖಾಯಂ ಜಾಗ.

ಅದಿರಿನ ವ್ಯಾಪಾರಕ್ಕೆ ಬಂದವರಿಗೆಲ್ಲ ಲಾಡ್ಜ್ ಬೇಕಾಗಿತ್ತು. ಟಾಕೀಸು ಕೆಡವಿ ಲಾಡ್ಜ್ ಕಟ್ಟುವುದೆಂದಾಯಿತು. "ಇಷ್ಟು ವರ್ಷ ದುಡಿದೀರಿ, ನೆನಪಿಗೆ ಏನಾರ ಒಯ್ರಿ" ಎಂದು ಅಲ್ಲಿನ ಮಾಲೀಕರು ವಿರೂಪಾಕ್ಷಪ್ಪನವರಿಗೆ ಹೇಳಿದರಂತೆ. ಪ್ರೊಜೆಕ್ಟರಿನ ಒಂದು ಲೆನ್ಸನ್ನೋ ಹಳೆಯ ಪೋಸ್ಟರನ್ನೋ ಕೇಳಬಹುದೆಂದು ಅವರು ಎಣಿಸಿದ್ದರು. ಇವರು ಕೇಳಿದ್ದು ಪರದೆಯ ಹಿಂದಿದ್ದ ಸ್ಪೀಕರನ್ನು.

ಅದು ಟೆಂಪೋದಲ್ಲಿ ಬಂದ ದಿನ ನಾನೂ ಕೈಹಚ್ಚಿದೆ. ಕೆಳಗೆ ನನ್ನೆತ್ತರದ ಮರದ ಪೆಟ್ಟಿಗೆ. ಅದರ ಮೇಲೆ ಕೂರುವುದು ತಗಡಿನ ಹಾರ್ನು: ಹತ್ತು ಚೌಕ ಬಾಯಿಗಳು ಜೇನುಗೂಡಿನ ಹಾಗೆ ಒಟ್ಟಿಗೆ ತೆರೆದುಕೊಂಡದ್ದು. ಬಾಗಿಲಲ್ಲಿ ಹಿಡಿಸಲಿಲ್ಲ. ಕಿಟಕಿಯ ಚೌಕಟ್ಟು ಕೀಳಬೇಕಾಯಿತು. ಶಾರದಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದವರು, "ಮನಿ ಒಳಗ ಇದನ್ನ ಇಡ್ತೀರೋ, ಇದರೊಳಗ ನಾವು ಇರೋದೋ?" ಎಂದು ಕೇಳಿದರು. ಗಂಡ ನಕ್ಕು ಪೆಟ್ಟಿಗೆಯ ಧೂಳು ಒರೆಸತೊಡಗಿದರು.

ಉತ್ತರ ಕೊಡಲು ನಾನಿದ್ದೆನಲ್ಲ! ಇಂಥ ದೊಡ್ಡ ಸ್ಪೀಕರಿಗೆ ದೊಡ್ಡ ಶಕ್ತಿಯೇ ಬೇಕೆಂದು ಸಣ್ಣ ಉಪನ್ಯಾಸ ಕೊಟ್ಟು, ನನ್ನ ನೂರು ವ್ಯಾಟಿನ ಆಂಪ್ಲಿಫೈಯರ್ ಇಳಿಸಿ ತಂದು ಜೋಡಿಸಿದೆ. ಹಳೆಯ ಹಾಡಿನ ಕ್ಯಾಸೆಟ್ ಹಾಕಿ ಗುಂಡಿ ತಿರುಗಿಸಿದೆ. ಹಾಡು ಬರಲಿಲ್ಲ, ಬೊಬ್ಬೆ ಬಂತು. ಅಂಗಳದ ಗುಬ್ಬಿಗಳೆಲ್ಲ ಹಾರಿದವು. ಶಾರದಮ್ಮ ಅಡುಗೆಮನೆಯಿಂದ ಓಡಿಬಂದರು.

"ಬಂದ್ ಮಾಡ್ರಿ ಮೊದ್ಲ! ನಮ್ಮ ಟಾಕೀಸಿನಾಗ ಆಕಿ ಹಿಂಗ ಚೀರ್ತಿದ್ದಿಲ್ಲ. ಇದು ಅದಲ್ಲ ಬಿಡ್ರಿ."

ವಿರೂಪಾಕ್ಷಪ್ಪನವರ ಮುಖ ಬಾಡಿತು. ಸಮಾಧಾನ ಹೇಳಲೆಂದು ನಾನು, "ನಿಮಗೆ ಹೇಗನ್ನಿಸಿತು? ಮೂವತ್ತು ವರ್ಷ ಕೇಳಿದವರು ನೀವೇ ಅಲ್ಲವೆ?" ಎಂದೆ.

"ಎಲ್ಲಿ ಕೇಳೀನ್ರಿ ಸರ?" ಎಂದರು ಅವರು. "ನಾ ಇದ್ದಿದ್ದು ಕ್ಯಾಬಿನ್ನಾಗ. ಎರಡು ಮಷೀನು ಕಟಕಟ ಅಂತಿದ್ದುವು. ನಮಗಂತ ಅಂಗೈಯಷ್ಟು ಒಂದು ಸ್ಪೀಕರ್, ಅದೂ ರೀಲು ಸರಿ ಹೊಂಟೈತೋ ಇಲ್ಲೋ ನೋಡಾಕ. ಕುರ್ಚಿ ಮ್ಯಾಲ ಕುಂತು ಒಂದು ಹಾಡು ಪೂರಾ ಕೇಳಿದಾವಲ್ಲ ನಾನು. ಈಕಿ ಮನಿಗೆ ಬಂದು, ಹಂಗಿತ್ತು, ಹಿಂಗಿತ್ತು ಅಂತ ಹೇಳ್ತಿದ್ಲು. ಅದೇನು ಕೇಳಿದ್ಲೋ ನಾನೂ ಒಮ್ಮಿ ಕೇಳಬೇಕು ಅಂತ ತಂದೆ."

ನಾನು ನನ್ನ ಆಂಪ್ಲಿಫೈಯರಿನ ವೈರು ಕಿತ್ತೆ.

ಸಂಡೂರಿನಲ್ಲಿ ಇಂಥ ಹಳೆಯ ಸ್ಪೀಕರುಗಳನ್ನು ಬಲ್ಲ, ಗಾಜಿನ ವಾಲ್ವ್‌ಗಳ ಹಳೆಯ ರೇಡಿಯೋ ರಿಪೇರಿ ಮಾಡುವ ವಯಸ್ಸಾದವರೊಬ್ಬರು ಇದ್ದಾರೆಂದು ತಿಳಿದು ನಾವಿಬ್ಬರೂ ಬಸ್ ಹತ್ತಿದೆವು. ಲಾರಿಗಳ ಸಾಲಿನ ನಡುವೆ ಬಸ್ಸು ಹೋದದ್ದಕ್ಕಿಂತ ನಿಂತದ್ದೇ ಹೆಚ್ಚು. ಅವರು ನಮ್ಮ ಕಥೆ ಕೇಳಿ ನಗಾಡಿದರು. "ಆ ಹಾರ್ನಿಗೆ ನೂರು ವ್ಯಾಟ್ ಕೊಟ್ರೇನು? ಏಳೆಂಟು ಸಾಕ್ರಿ. ಅದು ಆರು ನೂರು ಮಂದಿಗೆ ಹಾಡಿದ್ದು, ನಿಮ್ಮ ಮನ್ಯಾಗ ಪಿಸುಗುಟ್ಟಿದ್ರ ಸಾಕು."

ಹೊಳೆಯ ಆಚೆ ದಂಡೆಯವರನ್ನು ಕರೆಯುವಾಗ ಬಾಯಿಯ ಸುತ್ತ ಎರಡೂ ಕೈ ಹಿಡಿಯುತ್ತೇವಲ್ಲ, ಹಾರ್ನಿನ ಕೆಲಸ ಅಷ್ಟೇ. ಕೂಗುವವನಿಗೆ ಶ್ರಮ ಕಡಿಮೆ, ಕೇಳುವವನಿಗೆ ಮಾತು ಹತ್ತಿರ. ಇದನ್ನು ಪ್ರತಿ ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳುತ್ತಿದ್ದವನು ನಾನೇ. ಮನೆಯಲ್ಲಿ ಅದನ್ನು ನಂಬಿರಲಿಲ್ಲ.

ರೇಡಿಯೋದವರು ಹಳೆಯ ಭಾಗಗಳಿಂದಲೇ ಪುಟ್ಟ ವಾಲ್ವ್ ಆಂಪ್ಲಿಫೈಯರ್ ಕಟ್ಟಿಕೊಟ್ಟರು. ಈಗ ಬೊಬ್ಬೆ ಹೋಯಿತು. ದನಿ ಬಂತು. ನನಗಂತೂ ಬೆರಗಾಯಿತು: ಹಾಡುವವಳು ಪೆಟ್ಟಿಗೆಯೊಳಗೆ ಇರಲಿಲ್ಲ, ಪೆಟ್ಟಿಗೆಯ ಮುಂದೆ ನಿಂತಿದ್ದಳು. ಆದರೆ ಶಾರದಮ್ಮ ತಲೆಯಾಡಿಸಿದರು. "ಹತ್ರ ಬಂದೈತಿ. ಅದಲ್ಲ." ಪೆಟ್ಟಿಗೆಯನ್ನು ಮೂಲೆಗೆ ತಳ್ಳಿದೆವು, ಗೋಡೆಗೆ ಒರಗಿಸಿದೆವು, ಹಾರ್ನನ್ನು ಮೇಲೆ ಕೆಳಗೆ ತಿರುಗಿಸಿದೆವು. ಪ್ರತಿ ಸಲವೂ ಅವರು ದನಿ ಸಣ್ಣಗೆ ಮಾಡಿಸಿ, ಮಾತು ತಿಳಿಯುತ್ತದೋ ಎಂದು ಬಾಗಿಲಲ್ಲಿ ನಿಂತು ಕೇಳಿ, "ದನಿಗೆ ಅಂಚು ಭಾಳ ಐತಿ. ಅದು ಮೆತ್ತಗಿತ್ತು" ಎಂದು ಒಳಗೆ ಹೋಗುತ್ತಿದ್ದರು. ಹೀಗೆಯೇ ಎರಡು ಮೂರು ತಿಂಗಳು ಕಳೆದವು.

ಕೊನೆಗೆ ವಿರೂಪಾಕ್ಷಪ್ಪ ಸೋತರು. ಅವರ ಸೋದರಳಿಯ ಪಂಪಣ್ಣ ಸಂಡೂರಿನ ಕಡೆಯ ವಡ್ಡು ಎಂಬ ಊರಿನವನು. ಲಾರಿಗಳನ್ನಿಟ್ಟು ಹೊಸ ಬಂಗಲೆ ಕಟ್ಟಿಸಿದ್ದ. ಹಾಲಿನಲ್ಲಿ ಶೋಗೆ ಇಡಲು ಆ ಹಾರ್ನು ತನಗಿರಲಿ ಎಂದು ಎರಡು ಸಲ ಕೇಳಿದ್ದ. "ಸೋಮವಾರ ಬಂದು ಒಯ್ಯಿ" ಎಂದು ಇವರು ಫೋನು ಮಾಡಿಬಿಟ್ಟರು. 

ಭಾನುವಾರ ಮಧ್ಯಾಹ್ನ. ಲಾರಿಯವರದ್ದು ಏನೋ ಮುಷ್ಕರ, ರಸ್ತೆ ಅಪರೂಪಕ್ಕೆ ಸುಮ್ಮನಿತ್ತು. ನಾನು ಕೆಳಗೆ ಕುಳಿತು ವಿರೂಪಾಕ್ಷಪ್ಪನವರ ಜೊತೆ ವೈರು ಸುತ್ತಿಡುತ್ತಿದ್ದೆ. ಅಡುಗೆಮನೆಯಿಂದ ರೊಟ್ಟಿ ತಟ್ಟುವ ಸದ್ದು ಬರುತ್ತಿತ್ತು. ಅದು ತಟ್ಟನೆ ನಿಂತಿತು. ಶಾರದಮ್ಮ ಹಿಟ್ಟಿನ ಕೈಯಲ್ಲೇ ಹೊರಬಂದರು.

"ರೀ, ಪರದಿ ಎಲ್ಲೈತಿ?"

"ಯಾವ ಪರದಿ?"

"ಟಾಕೀಸಿನಾಗ ಇದು ಪರದಿ ಹಿಂದ ಇತ್ತಲ್ರೀ. ಹಾಡು ಪರದಿ ದಾಟಿ ಬರ್ತಿತ್ತು. ನೀವು ಇಲ್ಲಿ ಬರಿಮೈಲೆ ನಿಲ್ಲಿಸೀರಿ."

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಸಿನಿಮಾ ಪರದೆಯ ತುಂಬ ಸಣ್ಣ ಸಣ್ಣ ತೂತುಗಳಿರುತ್ತವೆ. ದನಿಯ ಚೂಪೆಲ್ಲ ಅಲ್ಲಿ ಸೋಸಿ ಉಳಿದದ್ದಷ್ಟೇ ಈಚೆ ಬರುತ್ತದೆ. ಮೂವತ್ತು ವರ್ಷ ಆ ಪರದೆಯ ಮೇಲೆ ಬೆಳಕು ಚೆಲ್ಲಿದವರಿಗೂ ಹೊಳೆದಿರಲಿಲ್ಲ, ಪದವಿ ಹೊತ್ತ ನನಗೂ ಹೊಳೆದಿರಲಿಲ್ಲ. ಶಾರದಮ್ಮ ಟ್ರಂಕಿನಿಂದ ತೊಳೆದು ತೊಳೆದು ಮೆತ್ತಗಾದ ಒಂದು ಹತ್ತಿ ಸೀರೆ ತೆಗೆದರು. ಎರಡು ಮೊಳೆ ಹೊಡೆದು ಹಾರ್ನಿನ ಮುಂದೆ ಅದನ್ನು ಎರಡು ಮಡಿಕೆ ಮಾಡಿ ಇಳಿಬಿಟ್ಟೆವು. ವಿರೂಪಾಕ್ಷಪ್ಪ ಕ್ಯಾಸೆಟ್ ಹಾಕಿದರು.

ಶಾರದಮ್ಮ ಹಿಂದೆ ಹಿಂದೆ ಸರಿಯುತ್ತ ಹೋಗಿ ಕೊನೆಯ ಗೋಡೆಗೆ ಒರಗಿ ನೆಲದ ಮೇಲೆ ಕುಳಿತರು. ಗಂಡ ಇನ್ನೂ ಆಂಪ್ಲಿಫೈಯರಿನ ಗುಂಡಿಯ ಮೇಲೆ ಬೆರಳಿಟ್ಟು ನಿಂತೇ ಇದ್ದರು.

"ಅಲ್ಲೇನ್ ಮಾಡ್ತೀರಿ? ರೀಲು ಮುಗ್ಯಂಗಿಲ್ಲ. ಬರ್ರಿ, ಇಲ್ಲಿ ಕುಂದ್ರಿ."

ಅವರು ಹೋಗಿ ಕುಳಿತರು. ದನಿ ದೊಡ್ಡದಿರಲಿಲ್ಲ, ನಾವು ಮಾತಾಡಿದ್ದರೆ ಮಾತೇ ಮೇಲಾಗುತ್ತಿತ್ತು. ಆದರೂ ಕೋಣೆಯಲ್ಲಿ ಅದು ತಲುಪದ ಮೂಲೆಯಿರಲಿಲ್ಲ.

"ಈಗ ಕೇಳ್ರಿ, ಈ ಸಾಲಿನ ಮುಂದ ಆಕಿ ಉಸಿರು ತಗೋತಾಳ." ತೆಗೆದುಕೊಂಡಳು. "ಹಾಂ... ಇಲ್ಲಿ ನೋಡ್ರಿ, ನಗ್ತಾಳ. ಬಾಯಿ ಬಿಟ್ಟಲ್ಲ, ಒಳಗ." ನಿಜವಾಗಿಯೂ ಆ ದನಿಯಲ್ಲಿ ನಗು ಇತ್ತು.

ವಿರೂಪಾಕ್ಷಪ್ಪ ಪಂಚೆಯ ಚುಂಗಿನಿಂದ ಮುಖ ಒರೆಸಿಕೊಂಡು, "ಇಷ್ಟೆಲ್ಲ ಇತ್ತಾ ಇದರಾಗ?" ಎಂದರು. "ನಾ ಈ ಪಿಚ್ಚರ್ ನೂರು ದಿನ ಓಡಿಸೀನಲ್ಲೇ."

"ನಿಮಗ ಹೇಳಿದ್ನಲ್ಲ" ಎಂದರು ಶಾರದಮ್ಮ. "ದಿನಾ ಹೇಳ್ತಿದ್ದೆ."

ಸೋಮವಾರ ಪಂಪಣ್ಣ ನಾಲ್ಕು ಆಳುಗಳೊಂದಿಗೆ ಬಂದ. ಹೇಗೆ ಹೇಳುವುದೆಂದು ವಿರೂಪಾಕ್ಷಪ್ಪ ತಡವರಿಸುತ್ತಿದ್ದರು. ಶಾರದಮ್ಮ ಮಾತ್ರ, "ಒಯ್ಯೋದು ಆಮ್ಯಾಲ. ಮೊದ್ಲು ಕುಂತು ಒಂದು ಹಾಡು ಕೇಳಪಾ" ಎಂದರು. ಅವನು ಒಂದಲ್ಲ, ಮೂರು ಹಾಡು ಕೇಳಿದ. ಎರಡು ಸಲ ಮೊಬೈಲ್ ಹೊಡೆದುಕೊಂಡಿತು, ಎರಡು ಸಲವೂ ಅವನೇ ಅದರ ಬಾಯಿ ಮುಚ್ಚಿಸಿದ. ಎದ್ದು ನಿಂತು, "ನಮ್ಮ ಹಾಲಿನಾಗ ಇದು ಸುಮ್ನ ನಿಂದ್ರತೈತಿ ಅತ್ತಿ. ಇಲ್ಲೇ ಇರಲಿ" ಎಂದು ಆಳುಗಳನ್ನು ಕರೆದುಕೊಂಡು ಹೋದ.

ನನಗೆ ಎರಡು ವರ್ಷದಲ್ಲಿ ವರ್ಗವಾಯಿತು. ಹೋಮ್ ಥಿಯೇಟರನ್ನು ಅಷ್ಟರಲ್ಲೇ ಯಾರಿಗೋ ಕೊಟ್ಟಿದ್ದೆ. ಆಗಾಗ ಕೇಳಿಕೊಳ್ಳುತ್ತೇನೆ: ಎಷ್ಟು ಹೊಸ ಯಂತ್ರ ಬಂದರೂ ಕೆಲವರು ಇಂಥ ಬೀರುವಿನಂಥ ಹಾರ್ನುಗಳನ್ನೇ ಯಾಕೆ ಹುಡುಕಿಕೊಂಡು ಹೋಗುತ್ತಾರೆ? ಹೊಸವು ನಮ್ಮ ಮೈಮೇಲೆ ಬೀಳುತ್ತವೆ. ಹಳೆಯವು ಎದುರಿಗೆ ಕುಳಿತು ಮಾತಾಡುತ್ತವೆ. ನನಗೆ ತಿಳಿದದ್ದು ಇಷ್ಟೇ. ನಿಮಗೆ ಬೇರೆ ತೋಚಿದರೆ ಅದೂ ಸರಿಯಿರಬಹುದು.

ಹೋದ ತಿಂಗಳು ಆ ಅಂಗಡಿಯಿಂದ ಹೊರಬಿದ್ದವನು ಮದುವೆಯ ಊಟ ಬಿಟ್ಟು ಆಟೋ ಹಿಡಿದು ಶಾರದಮ್ಮನವರ ಮನೆಗೆ ಹೋದೆ. ಬಾಗಿಲು ತೆರೆದದ್ದು ಅವರ ಮಗಳು, ನಾನಿದ್ದಾಗ ಹಾಸ್ಟೆಲಿನಲ್ಲಿ ಓದುತ್ತಿದ್ದವಳು. ಅಲ್ಲೇ ಶಾಲೆಯೊಂದರಲ್ಲಿ ಟೀಚರಂತೆ. ಒಳಗೆ ಹಾಡು ನಡೆದಿತ್ತು. ವಿರೂಪಾಕ್ಷಪ್ಪನವರ ಕೈ ಈಗ ನಡುಗುತ್ತದೆ, ಕ್ಯಾಸೆಟ್ ಹಾಕಲು ಆಗುವುದಿಲ್ಲ. ಅವರು ನಡುಕೋಣೆಯ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತಿದ್ದರು. ಅವರ ಬೆನ್ನ ಹಿಂದೆ, ಮೇಜಿನ ಪಕ್ಕ, ಕನ್ನಡಕ ಹಾಕಿಕೊಂಡು ಗುಂಡಿಯ ಮೇಲೆ ಬೆರಳಿಟ್ಟು ಶಾರದಮ್ಮ ನಿಂತಿದ್ದರು. ನನ್ನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟು, ಕುಳಿತುಕೊಳ್ಳಲು ಕೈಸನ್ನೆ ಮಾಡಿದರು. ಹೇಳಬೇಕೆಂದಿದ್ದ ಕುಶಲದ ಮಾತನ್ನೆಲ್ಲ ನುಂಗಿ ನೆಲದ ಮೇಲೆ ಕುಳಿತೆ.

"ಸರಿ ಕೇಳಸ್ತೈತ್ರೀ?" ಎಂದು ಅವರು ಗಂಡನನ್ನು ಮೆಲ್ಲಗೆ ಕೇಳಿದರು.

ವಿರೂಪಾಕ್ಷಪ್ಪ ತಿರುಗಿ ನೋಡಲಿಲ್ಲ. ಒಂದು ಕೈ ಮೇಲೆತ್ತಿ, ತಡೀ ಎಂಬಂತೆ ಹಿಡಿದರು. ಹಾಡುವವಳು ಉಸಿರು ತೆಗೆದುಕೊಂಡಳು.